ತುಮಕೂರಿನ ‘ಆಪ್ಷನ್ ಎಂಟ್ರಿ’ ಪ್ಯಾಕೇಜುಗಳು: ಯಾವುದಕ್ಕೆ ದುಡ್ಡು ಕೊಡಬಹುದು, ಯಾವುದಕ್ಕೆ ಬೇಡ

ಸಿಇಟಿ ರ‍್ಯಾಂಕ್ ಹೊರಬೀಳುತ್ತಿದ್ದಂತೆ ತುಮಕೂರಿನ ಬಿ.ಎಚ್. ರಸ್ತೆ, ಎಸ್.ಎಸ್. ಪುರಂ ಕಡೆ ‘ಕರಿಯರ್ ಗೈಡೆನ್ಸ್, ಆಪ್ಷನ್ ಎಂಟ್ರಿ ಮಾಡಿಕೊಡಲಾಗುವುದು’ ಎಂಬ ಬೋರ್ಡುಗಳು ಏಳುತ್ತವೆ. ಆಪ್ಷನ್ ಎಂಟ್ರಿ ಎಂದರೆ ಬೇಕಾದ ಕಾಲೇಜು–ಬ್ರಾಂಚುಗಳನ್ನು ಆದ್ಯತೆಯ ಕ್ರಮದಲ್ಲಿ ನಮೂದಿಸುವುದು. ಕೆಲವು ಸೈಬರ್ ಸೆಂಟರುಗಳು ನೂರಿನ್ನೂರಕ್ಕೆ ಮುಗಿಸುತ್ತವೆ, ಎಸಿ ಹಾಕಿದ ಆಫೀಸುಗಳು ಸಾವಿರಗಳಲ್ಲಿ ಕೇಳುತ್ತವೆ. ಒಳಗೆ ಸಿಗುವುದು ಹೆಚ್ಚುಕಮ್ಮಿ ಒಂದೇ: ದಾಖಲೆ ಪರಿಶೀಲನೆ, ಒಂದು ಆಪ್ಟಿಟ್ಯೂಡ್ ಟೆಸ್ಟ್, ಕಾಲೇಜು–ಬ್ರಾಂಚುಗಳ ಪಟ್ಟಿ, ಆ ಪಟ್ಟಿಯನ್ನು ಸಿಇಟಿ ನಡೆಸಿ ಸೀಟು ಹಂಚುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ (ಕೆಇಎ) ಪೋರ್ಟಲ್‌ಗೆ ಏರಿಸುವುದು. ಯಾವ ಅಂಗಡಿಯ ಹೆಸರನ್ನೂ ಹಿಡಿಯದೆ, ಪ್ಯಾಕೇಜಿನ ಒಂದೊಂದು ಭಾಗವನ್ನೂ ಬೇರೆಬೇರೆಯಾಗಿ ತೂಗಿದ್ದೇವೆ.

ದಾಖಲೆಯ ಕೆಲಸಕ್ಕೆ ಐದಕ್ಕೆ ನಾಲ್ಕು ಅಂಕ ಕೊಡಬಹುದು. ಅನುಭವಿ ಸೈಬರ್‌ನವರಿಗೆ ಇದು ಕರತಲಾಮಲಕ. ಎಸ್‌ಸಿ, ಎಸ್‌ಟಿಗೆ ನಮೂನೆ ಡಿಯ ಜಾತಿ ಪ್ರಮಾಣಪತ್ರ, ಪ್ರವರ್ಗ 1ಕ್ಕೆ ನಮೂನೆ ಇ, 2ಎ, 2ಬಿ, 3ಎ, 3ಬಿಗೆ ನಮೂನೆ ಎಫ್. ಪ್ರಮಾಣಪತ್ರದ ಆರ್‌ಡಿ ನಂಬರ್ (ಪತ್ರದ ಮೇಲೆ ಅಚ್ಚಾದ ಗುರುತಿನ ಸಂಖ್ಯೆ) ಸರಿಯಾಗಿ ಹೊಡೆಯಬೇಕು, ಹೆಸರು ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ ತಾಳೆಯಾಗಬೇಕು. ಪಾವಗಡ, ಸಿರಾ, ಮಧುಗಿರಿ ಹಳ್ಳಿಗಳ ಮಕ್ಕಳಿಗೆ ಇಲ್ಲಿ ದೊಡ್ಡ ಲಾಭವೆಂದರೆ ಗ್ರಾಮೀಣ ಕೋಟಾ. ಅದಕ್ಕೆ 1ರಿಂದ 10ನೇ ತರಗತಿವರೆಗೆ ಪೂರ್ತಿ 10 ವರ್ಷ ಗ್ರಾಮೀಣ ಪ್ರದೇಶದಲ್ಲೇ ಓದಿರಬೇಕು, ಮುಖ್ಯಶಿಕ್ಷಕರ ಸಹಿಯ ಜತೆ ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಮೇಲುಸಹಿ ಬೇಕು. ಹೈಸ್ಕೂಲಿಗೆಂದು ತುಮಕೂರು ನಗರಕ್ಕೆ ಬಂದವರಿಗೆ ಇದು ದಕ್ಕುವುದಿಲ್ಲ. ಈ ಹಕ್ಕನ್ನು ಹೇಳಿಕೊಳ್ಳಬೇಕಾದದ್ದು ಸಿಇಟಿ ಅರ್ಜಿ ತುಂಬುವಾಗ. ಹಾಗಾಗಿ ಸೈಬರ್‌ಗೆ ಕೊಡುವ ದುಡ್ಡನ್ನು ಅರ್ಜಿಯ ಹೊತ್ತಿಗೇ ಕೊಡಿ, ರ‍್ಯಾಂಕ್ ಬಂದ ಮೇಲೆ ಓಡಿದರೆ ಪ್ರಯೋಜನವಿಲ್ಲ. ಅರ್ಜಿಯಲ್ಲಿ ಅಂಗಡಿಯವರ ಮೊಬೈಲ್ ನಂಬರ್ ಹಾಕಲು ಬಿಡಬೇಡಿ. ಮುಂದೆ ಬರುವ ಓಟಿಪಿ ಎಲ್ಲ ಅವರಿಗೇ ಹೋಗುತ್ತದೆ, ಕೊನೆಯ ದಿನದ ಸಂಜೆ ಅವರು ಫೋನ್ ಎತ್ತುವುದಿಲ್ಲ.

ಆಪ್ಟಿಟ್ಯೂಡ್ ಟೆಸ್ಟ್‌ಗೆ ಐದಕ್ಕೆ ಒಂದು. ಬಣ್ಣಬಣ್ಣದ ಪಟ್ಟೆಗಳ ವರದಿ ನೋಡಲು ಚೆನ್ನ. ಆದರೆ ಪ್ರಶ್ನೆಗಳು ‘ನಿಮಗೆ ಯಂತ್ರ ಬಿಚ್ಚುವುದು ಇಷ್ಟವೇ’ ಎಂಬ ಧಾಟಿಯವು, ಪಕ್ಕದ ಕುರ್ಚಿಯಲ್ಲಿ ಅಪ್ಪ ಕೂತಿರುತ್ತಾರೆ. ಉತ್ತರ ಯಾರದ್ದೆಂದು ಬಿಡಿಸಿ ಹೇಳಬೇಕಿಲ್ಲ.

ಇದಕ್ಕಿಂತ ಒಳ್ಳೆಯ ಪರೀಕ್ಷೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತದೆ. ಬೇಕಾದ ಬ್ರಾಂಚಿನ ಸ್ಕೀಮ್ ಮತ್ತು ಸಿಲಬಸ್ ಪಿಡಿಎಫ್ ಇಳಿಸಿಕೊಂಡು 3ನೇ ಸೆಮಿಸ್ಟರಿನ ಪುಟ ತೆಗೆಯಿರಿ. ಮೊದಲ ವರ್ಷದ ಬಹುಪಾಲು ವಿಷಯಗಳು ಎಲ್ಲರಿಗೂ ಸಾಮಾನ್ಯ, ಬ್ರಾಂಚಿನ ನಿಜವಾದ ಮುಖ ಕಾಣುವುದು 3ರಿಂದ. ಕಂಪ್ಯೂಟರ್ ಸೈನ್ಸಿನಲ್ಲಿ ಡೇಟಾ ಸ್ಟ್ರಕ್ಚರ್ಸ್, ಆಪರೇಟಿಂಗ್ ಸಿಸ್ಟಮ್ಸ್; ಇ ಅಂಡ್ ಸಿಯಲ್ಲಿ (ಎಲೆಕ್ಟ್ರಾನಿಕ್ಸ್ ಅಂಡ್ ಕಮ್ಯುನಿಕೇಶನ್) ನೆಟ್‌ವರ್ಕ್ ಅನಾಲಿಸಿಸ್; ಸಿವಿಲ್‌ನಲ್ಲಿ ಸ್ಟ್ರೆಂತ್ ಆಫ್ ಮೆಟೀರಿಯಲ್ಸ್, ಸರ್ವೆ. ಒಂದೊಂದು ವಿಷಯದ ಮೊದಲ ಮಾಡ್ಯೂಲ್ ಹಿಡಿದು ಎರಡು ವಿಡಿಯೊ ಪಾಠ ನೋಡಿ, ಕೊನೆಗೆ ಕೊಟ್ಟ ಲೆಕ್ಕ ಬಿಡಿಸಿ. ಪಿಯುಸಿಯಲ್ಲಿ ಕರೆಂಟ್ ಎಲೆಕ್ಟ್ರಿಸಿಟಿ ಕಂಡರೆ ಮೈ ಪರಚಿಕೊಳ್ಳುತ್ತಿದ್ದವರು ಇ ಅಂಡ್ ಸಿ ಹಾಕುವ ಮುನ್ನ ಇದನ್ನು ಮಾಡಲೇಬೇಕು. ಸಿಎಸ್ (ಕಂಪ್ಯೂಟರ್ ಸೈನ್ಸ್), ಐಎಸ್ (ಇನ್ಫರ್ಮೇಶನ್ ಸೈನ್ಸ್) ಪುಟಗಳನ್ನು ಅಕ್ಕಪಕ್ಕ ಇಟ್ಟರೆ ವ್ಯತ್ಯಾಸ ಎಷ್ಟು ಕಡಿಮೆ ಎಂದು ಗೊತ್ತಾಗುತ್ತದೆ. ಸಿಎಸ್‌ಗಾಗಿ ಕಾಲೇಜಿನ ಗುಣಮಟ್ಟ ಇಳಿಸಿಕೊಳ್ಳುವುದು ದಡ್ಡತನ ಎನ್ನುವುದು ನಮ್ಮ ಖಚಿತ ಅಭಿಪ್ರಾಯ. ಎಸ್‌ಐಟಿ (ಸಿದ್ಧಗಂಗಾ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ) ಸ್ವಾಯತ್ತ ಕಾಲೇಜು, ಸಿಲಬಸ್ ಅದರದ್ದೇ ಸೈಟಿನಲ್ಲಿ ನೋಡಬೇಕು. ಎಸ್‌ಎಸ್‌ಐಟಿಯದು (ಶ್ರೀ ಸಿದ್ಧಾರ್ಥ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ) ಸಿದ್ಧಾರ್ಥ ಡೀಮ್ಡ್ ವಿಶ್ವವಿದ್ಯಾಲಯದ ಪದವಿ, ವಿಟಿಯು ಪದವಿಯಲ್ಲ.

ಇನ್ನು ಪಟ್ಟಿ. ಇಡೀ ಪ್ಯಾಕೇಜ್ ನಿಂತಿರುವುದೇ ಇದರ ಮೇಲೆ, ಹೆಚ್ಚು ಹಾಳಾಗುವುದೂ ಇಲ್ಲೇ. ಹೋದ ವರ್ಷದ ಕಟಾಫ್ (ಸೀಟು ಸಿಕ್ಕ ಕೊನೆಯ ರ‍್ಯಾಂಕ್) ಪಿಡಿಎಫ್ ಕೆಇಎ ಸೈಟಿನಲ್ಲೇ ಇರುತ್ತದೆ. ಅಂಗಡಿಯವರು ಅದನ್ನೇ ಎಕ್ಸೆಲ್‌ಗೆ ಹಾಕಿ, ನಿಮ್ಮ ರ‍್ಯಾಂಕಿಗೆ ‘ಗ್ಯಾರಂಟಿ’ ಇರುವುದನ್ನು ಮೇಲಿಟ್ಟು ಕೊಡುತ್ತಾರೆ. ಇದು ತಲೆಕೆಳಗು. ನಿಮ್ಮ ಸರದಿ ಬಂದಾಗ ಕಂಪ್ಯೂಟರ್ 1ನೇ ಆಪ್ಷನ್‌ನಿಂದ ಕೆಳಗಿಳಿಯುತ್ತಾ ಮೊದಲು ಖಾಲಿ ಕಂಡ ಸೀಟನ್ನು ಕೊಟ್ಟು ನಿಲ್ಲಿಸುತ್ತದೆ. ಗ್ಯಾರಂಟಿ ಸೀಟು 1ರಲ್ಲಿ, ಆಸೆಯ ಸೀಟು 4ರಲ್ಲಿ ಇದ್ದರೆ, 4ನೆಯದು ಸಿಗುವಂತಿದ್ದರೂ ಯಂತ್ರ ಅಲ್ಲಿಗೆ ಹೋಗುವುದೇ ಇಲ್ಲ. ಸಿಗದ ಆಪ್ಷನ್ ಮೇಲಿಟ್ಟರೆ ನಷ್ಟವೇನೂ ಇಲ್ಲ, ಅದನ್ನು ದಾಟಿ ಮುಂದಕ್ಕೆ ಹೋಗುತ್ತದೆ ಅಷ್ಟೆ. ಆದ್ದರಿಂದ ಆಸೆಯ ಕ್ರಮದಲ್ಲೇ ಬರೆಯಿರಿ, ಗ್ಯಾರಂಟಿಯವು ಕೊನೆಗಿರಲಿ.

ಕಟಾಫ್ ಓದುವಾಗಲೂ ಎಡವುತ್ತಾರೆ. 2ಎ ಗ್ರಾಮೀಣ ಅಭ್ಯರ್ಥಿಗೆ ಜಿಎಂ (ಸಾಮಾನ್ಯ ವರ್ಗ) ಕಾಲಮ್ ತೋರಿಸಿ ಹೆದರಿಸುವುದು ಒಂದು. ಕೊನೆಯ ಸುತ್ತಿನ ಕಟಾಫ್ ತೋರಿಸಿ ಮೊದಲ ಸುತ್ತಿನಲ್ಲೇ ಸಿಗುತ್ತದೆಂದು ನಂಬಿಸುವುದು ಇನ್ನೊಂದು. ಎಂಜಿನಿಯರಿಂಗ್ ರ‍್ಯಾಂಕನ್ನು ಕೃಷಿ ವಿಜ್ಞಾನದ ಕಟಾಫ್ ಜತೆ ಹೋಲಿಸುವವರೂ ಇದ್ದಾರೆ, ಇವೆರಡೂ ಬೇರೆಬೇರೆ ರ‍್ಯಾಂಕ್‌ಗಳು. ಮಾಕ್ ಅಲಾಟ್‌ಮೆಂಟ್ (ಅಂತಿಮವಲ್ಲದ ಪ್ರಾಯೋಗಿಕ ಸೀಟು ಹಂಚಿಕೆ) ಬಂದ ಮೇಲೆ ಆಪ್ಷನ್ ಸೇರಿಸಲು, ತೆಗೆಯಲು, ಮೇಲೆಕೆಳಗೆ ಮಾಡಲು ಅವಕಾಶ ಸಿಗುತ್ತದೆ. ಆ ದಿನಗಳಲ್ಲಿ ಪಟ್ಟಿಯನ್ನು ಮತ್ತೆ ಕೂತು ನೋಡುವ ಅಂಗಡಿ ಇದ್ದರೆ ಮಾತ್ರ ಹೆಚ್ಚಿನ ದುಡ್ಡಿಗೆ ಅರ್ಥ. ಬಹುತೇಕರು ಒಮ್ಮೆ ಏರಿಸಿ ಕೈತೊಳೆದುಕೊಳ್ಳುತ್ತಾರೆ.

ಪ್ಲೇಸ್‌ಮೆಂಟ್ ವಿವರವೆಂದು ಕೊಡುವ ಕರಪತ್ರವನ್ನು ಪಕ್ಕಕ್ಕಿಡಿ. ‘ಆಫರ್’ ಸಂಖ್ಯೆ ಬೇರೆ, ಕೆಲಸ ಸಿಕ್ಕ ವಿದ್ಯಾರ್ಥಿಗಳ ಸಂಖ್ಯೆ ಬೇರೆ. ಒಬ್ಬಳಿಗೆ ಮೂರು ಆಫರ್ ಬಂದರೆ ಮೂರು ಎಂದೇ ಎಣಿಸಿರುತ್ತಾರೆ. ಎನ್‌ಐಆರ್‌ಎಫ್‌ನಲ್ಲಿ (ಕೇಂದ್ರ ಸರ್ಕಾರದ ಕಾಲೇಜು ರ‍್ಯಾಂಕಿಂಗ್) ಪಾಲ್ಗೊಂಡ ಕಾಲೇಜುಗಳು ಸಲ್ಲಿಸಿದ ಪಿಡಿಎಫ್‌ನಲ್ಲಿ ಎಷ್ಟು ಜನ ಪಾಸಾದರು, ಎಷ್ಟು ಜನಕ್ಕೆ ಕೆಲಸ ಸಿಕ್ಕಿತು, ಮಧ್ಯದ (ಮೀಡಿಯನ್) ಸಂಬಳ ಎಷ್ಟು, ಎಷ್ಟು ಜನ ಮುಂದೆ ಓದಲು ಹೋದರು ಎಂದಿರುತ್ತದೆ. ಬ್ರಾಂಚ್‌ವಾರು ಇರುವುದಿಲ್ಲ, ಅದನ್ನು ಕಾಲೇಜಿನ ಪ್ಲೇಸ್‌ಮೆಂಟ್ ವಿಭಾಗದಲ್ಲೇ ಕೇಳಿ. ಹೊಸ ಹೆಸರಿನ ಬ್ರಾಂಚಾದರೆ ಮೊದಲ ಬ್ಯಾಚ್ ಹೊರಬಂದಿದೆಯೇ ಎಂದು ಕೇಳಿ.

ಪ್ಯಾಕೇಜಿನಲ್ಲಿ ಇಲ್ಲದಿರುವುದು ನಮಗೆ ಹೆಚ್ಚು ಬೇಸರ ತರಿಸಿತು. ಪಿಸಿಎಂಬಿ ಓದಿದವರಿಗೂ ಕಂಪ್ಯೂಟರ್ ಬ್ರಾಂಚುಗಳದ್ದೇ ಪಟ್ಟಿ. ಕೋಲಾರದ ಟಮಕದ ತೋಟಗಾರಿಕೆ ಕಾಲೇಜು, ಚಿಂತಾಮಣಿಯ ರೇಷ್ಮೆ ಕೃಷಿ ಕಾಲೇಜಿನ ಹೆಸರೂ ಬರುವುದಿಲ್ಲ. ಮೆಕ್ಯಾನಿಕಲ್ ಮುಗಿದ ಕಥೆ ಎನ್ನುವವರು ವಸಂತನರಸಾಪುರದ ಕೈಗಾರಿಕಾ ಪ್ರದೇಶವನ್ನಾಗಲೀ 2023ರಲ್ಲಿ ಗುಬ್ಬಿ ತಾಲ್ಲೂಕಿನಲ್ಲಿ ಶುರುವಾದ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆಯನ್ನಾಗಲೀ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಾಗೆಂದು ಕಾರ್ಖಾನೆ ಊರಲ್ಲಿದ್ದ ಮಾತ್ರಕ್ಕೆ ಕೆಲಸ ಸಿಗುವುದಿಲ್ಲ, ಯಂತ್ರದ ಮುಂದಿನ ಬಹಳಷ್ಟು ಕೆಲಸ ಐಟಿಐ, ಡಿಪ್ಲೊಮಾದವರಿಗೇ ಹೋಗುತ್ತದೆ. ಬಿಎಸ್ಸಿ, ಬಿಕಾಂ, ಬಿಸಿಎ ಕೇಳಿದರೆ ಮುಖ ಸಪ್ಪೆ ಮಾಡುತ್ತಾರೆ, ಅದರಲ್ಲಿ ಆಪ್ಷನ್ ಎಂಟ್ರಿ ಇಲ್ಲವಲ್ಲ! ತುಮಕೂರು ವಿಶ್ವವಿದ್ಯಾಲಯದ ಪದವಿ ಕಾಲೇಜುಗಳಿಗೆ ಪ್ರವೇಶ ಯುಯುಸಿಎಂಎಸ್ ಎಂಬ ರಾಜ್ಯ ಸರ್ಕಾರದ ಪೋರ್ಟಲ್ ಮೂಲಕ, 2024–25ರಿಂದ ಪದವಿ ಮತ್ತೆ 3 ವರ್ಷದ್ದು.

ಸೀಟು ಬಂದ ದಿನ ಅಂಗಡಿಯವರ ಕೈಗೆ ಮೌಸ್ ಕೊಡಬೇಡಿ. ಛಾಯ್ಸ್ 1 ಒತ್ತಿದರೆ ಆ ಸೀಟೇ ಕೊನೆ, ಸೇರಬೇಕು. ಛಾಯ್ಸ್ 2 ಅಂದರೆ ಸೀಟು ಕೈಯಲ್ಲಿಟ್ಟುಕೊಂಡು ಅದಕ್ಕಿಂತ ಮೇಲಿನ ಆಪ್ಷನ್‌ಗಳಿಗೆ ಮುಂದಿನ ಸುತ್ತಿನಲ್ಲಿ ಕಾಯುವುದು. ಮೇಲಿನದು ಸಿಕ್ಕರೆ ಹಳೆಯದು ತಾನಾಗಿ ರದ್ದು. ಛಾಯ್ಸ್ 3ರಲ್ಲಿ ಸೀಟು ಬಿಟ್ಟು ಮುಂದಿನ ಸುತ್ತಿಗೆ ಹೋಗುತ್ತೀರಿ, 4ರಲ್ಲಿ ಇಡೀ ಪ್ರಕ್ರಿಯೆಯಿಂದಲೇ ಹೊರಗೆ. ಫೈಲ್ ಬೇಗ ಮುಗಿಯಲೆಂದು 1 ಒತ್ತಿಸುವವರೇ ಜಾಸ್ತಿ. ಮಾಕ್‌ಗಿಂತ ಮುಂಚೆಯೇ ಪಟ್ಟಿಯ ಯಾವ ನಂಬರಿನವರೆಗೆ ಸಿಕ್ಕರೆ 1, ಅದರ ಕೆಳಗೆ ಬಂದರೆ 2 ಎಂದು ಮನೆಯಲ್ಲೇ ಗೆರೆ ಎಳೆದು ಇಟ್ಟುಕೊಳ್ಳಿ. ಛಾಯ್ಸ್ 2ಕ್ಕೆ ಶುಲ್ಕ ಕಟ್ಟುವ ನಿಯಮವನ್ನು ಆಯಾ ವರ್ಷದ ಕೆಇಎ ಪ್ರಕಟಣೆಯಲ್ಲೇ ಓದಿ, ಕಟ್ಟಿದ ಮೇಲೆ ಚಲನ್ ಪ್ರತಿಯನ್ನು ನಿಮ್ಮ ಇಮೇಲ್‌ಗೆ ಕಳಿಸಿಕೊಂಡೇ ಅಂಗಡಿಯಿಂದ ಹೊರಡಿ.