ಎಣ್ಣೆಗೆಂಪು ಮುಖಕ್ಕೆ ಎಣ್ಣೆಯ ಪೆನ್ಸಿಲೋ, ಮೇಣದ ಪೆನ್ಸಿಲೋ?

ಬಣ್ಣದ ಪೆನ್ಸಿಲಿನಲ್ಲಿ ಭಾವಚಿತ್ರ ಬರೆಯಲು ಹೊರಟವರಿಗೆ ಎದುರಾಗುವ ಮೊದಲ ಗೊಂದಲ ಪೆನ್ಸಿಲಿನದೇ. ಯಾವುದು ಮೇಲೆಂದು ಹುಡುಕಿದಾಗ ಸಿಗುವ ಹೋಲಿಕೆಗಳಲ್ಲಿ ಹೆಚ್ಚಿನವು ತಿಳಿಗುಲಾಬಿ ಮೈಬಣ್ಣದ ಮುಖಗಳನ್ನು ಮುಂದಿಟ್ಟುಕೊಂಡು ಮಾಡಿದವು. ಅಲ್ಲಿ ಬಿಳಿಯ ಕಾಗದವೇ ಅರ್ಧ ಕೆಲಸ ಮಾಡಿಬಿಡುತ್ತದೆ. ನಮ್ಮ ಕಡೆಯ ಎಣ್ಣೆಗೆಂಪು, ಕಡುಗಂದು ಮುಖಗಳಲ್ಲಿ ಕಾಗದದ ಬಿಳುಪು ಉಳಿಯುವುದು ಕಣ್ಣಿನ ಹೊಳಪಿನಲ್ಲಿ, ನರೆತ ಕೂದಲಿನಲ್ಲಿ, ಹಣೆಯ ವಿಭೂತಿಯಲ್ಲಿ ಮಾತ್ರ. ಉಳಿದೆಡೆಯೆಲ್ಲ ಕಾಗದವನ್ನು ಮುಚ್ಚಬೇಕು, ಮುಚ್ಚಿಯೂ ಚರ್ಮ ಮಂಕಾಗದಂತೆ ನೋಡಿಕೊಳ್ಳಬೇಕು. ತುಮಕೂರಿನಲ್ಲಿ ಕುಳಿತು ನಮ್ಮವರ ಮುಖಗಳನ್ನೇ ಬರೆಯುವ ನನಗೆ ಆ ಹೋಲಿಕೆಗಳು ಹೆಚ್ಚು ಉಪಯೋಗಕ್ಕೆ ಬರಲಿಲ್ಲ. ಹಾಗಾಗಿ ಪೆನ್ಸಿಲುಗಳನ್ನು ನಾನೇ ಅಕ್ಕಪಕ್ಕದಲ್ಲಿಟ್ಟು ನೋಡಿದೆ.

ಪರೀಕ್ಷೆಗೆ ಆರಿಸಿಕೊಂಡದ್ದು ಒಂದೇ ಫೋಟೋ. ತಿಪಟೂರಿನ ಕೊಬ್ಬರಿ ಮಂಡಿಯಲ್ಲಿ ಬಹುಕಾಲ ಲೆಕ್ಕ ಬರೆದ ನನ್ನ ಸೋದರಮಾವ ಅದರಲ್ಲಿ ಕಿಟಕಿಯ ಬೆಳಕಿಗೆ ಮುಖ ಮಾಡಿ ಕುಳಿತಿದ್ದಾರೆ: ಗಾಢ ಕಂದು ಚರ್ಮ, ಹಣೆಯ ಮೇಲೆ ಮೂರು ಗೆರೆ ವಿಭೂತಿ, ಕೆಲವು ದಿನ ಬೋಳಿಸದ ಬಿಳಿಯ ಕುರುಚಲು ಗಡ್ಡ, ಹೆಗಲ ಮೇಲೊಂದು ಟವೆಲು. “ನನ್ನನ್ನ ಬೆಳ್ಳಗೆ ಮಾಡಿಬಿಡಬೇಡ ಕಣೋ, ಮಂಡೀಲಿ ಯಾರೂ ಗುರುತೇ ಹಿಡಿಯಲ್ಲ” ಎಂದು ಅವರೇ ಎಚ್ಚರಿಸಿದ್ದರು. ಈ ಮುಖವನ್ನು ಒಂದೇ ಅಳತೆಯಲ್ಲಿ, ಒಂದೇ ಬಗೆಯ ಕಾಗದದ ಮೇಲೆ, ಎಣ್ಣೆ ಆಧಾರಿತ ಫೇಬರ್-ಕ್ಯಾಸಲ್ ಪಾಲಿಕ್ರೋಮೋಸ್, ಮೇಣ ಆಧಾರಿತ ಪ್ರಿಸ್ಮಾಕಲರ್ ಪ್ರೀಮಿಯರ್ ಮತ್ತು ಎಂ.ಜಿ. ರಸ್ತೆಯ ಸ್ಟೇಷನರಿ ಅಂಗಡಿಯಲ್ಲಿ ಸಿಗುವ ಶಾಲಾಮಕ್ಕಳ ಪೆಟ್ಟಿಗೆ ಇವುಗಳಿಂದ ಬೇರೆ ಬೇರೆಯಾಗಿ ಬರೆದೆ.

ಮಕ್ಕಳ ಪೆಟ್ಟಿಗೆಯ ವಿಷಯವನ್ನು ಬೇಗ ಮುಗಿಸಬಹುದು. ಅದರಲ್ಲಿ ಬಣ್ಣದ ಪುಡಿ ಕಡಿಮೆ, ಜೇಡಿ ಮತ್ತು ಮೇಣ ಹೆಚ್ಚು. ಕೆಲವೇ ಪದರಗಳಾಗುವಷ್ಟರಲ್ಲಿ ಕಾಗದ ನುಣುಪೇರಿ ಹೊಳೆಯತೊಡಗುತ್ತದೆ, ಮುಂದಿನ ಬಣ್ಣ ಹಿಡಿಯುವುದಿಲ್ಲ. ಕಂದು ಎಂದರೆ ಒಂದೋ ಎರಡೋ ಕಡ್ಡಿ ಇರುತ್ತವೆ. ಚರ್ಮದ ಬಣ್ಣವೆಂದು ಕೊಟ್ಟಿರುವ ಕಡ್ಡಿಗೂ ಮಾವನ ಮುಖಕ್ಕೂ ಯಾವ ಸಂಬಂಧವೂ ಇಲ್ಲ. ಕೈ ಪಳಗಿಸಿಕೊಳ್ಳುವುದಕ್ಕೆ ಇದು ಸಾಕು, ಗೋಡೆಗೆ ಹಾಕುವ ಚಿತ್ರಕ್ಕೆ ಸಾಲದು.

ನಿಜವಾದ ಸ್ಪರ್ಧೆ ಇರುವುದು ಉಳಿದೆರಡರ ನಡುವೆ. ಪೆನ್ಸಿಲಿನ ಕಡ್ಡಿಯಲ್ಲಿ ಬಣ್ಣದ ಪುಡಿಯನ್ನು ಹಿಡಿದಿಡುವ ವಸ್ತು ಯಾವುದೆಂಬುದೇ ಇವುಗಳ ವ್ಯತ್ಯಾಸ. ಎಣ್ಣೆಯ ಪೆನ್ಸಿಲಿನಲ್ಲಿ ಮೇಣವೇ ಇಲ್ಲವೆಂದಲ್ಲ, ಪ್ರಮಾಣ ಬೇರೆ. ಪಾಲಿಕ್ರೋಮೋಸ್ 1908ರಿಂದ ಇರುವ ಹಳೆಯ ಜರ್ಮನ್ ಪೆನ್ಸಿಲು, ಈಗ 120 ಬಣ್ಣಗಳಲ್ಲಿ ಸಿಗುತ್ತದೆ. ಅದರ ಕಡ್ಡಿ ಸ್ವಲ್ಪ ಗಟ್ಟಿಯಾದ್ದರಿಂದ ಮೆಂಡರಿನಲ್ಲಿ ಮಾಡಿದ ಮೊನೆ ಬಹಳ ಹೊತ್ತು ಉಳಿಯುತ್ತದೆ. ಕಣ್ಣಂಚಿನ ಸುಕ್ಕು, ರೆಪ್ಪೆ, ತುಟಿಯ ಮೇಲಿನ ಸಣ್ಣ ಬಿರುಕು ಇವೆಲ್ಲ ಅದರಲ್ಲಿ ತಾವಾಗಿ ಬಂದವೆನ್ನುವಷ್ಟು ಸಲೀಸಾಗಿ ಬಂದವು. 150 ಬಣ್ಣಗಳ ಪ್ರಿಸ್ಮಾಕಲರ್ ಮೆದು. ಕೆನ್ನೆ, ಹಣೆಯಂತಹ ಅಗಲವಾದ ಜಾಗವನ್ನು ಎಣ್ಣೆಯ ಪೆನ್ಸಿಲಿಗಿಂತ ಬಹಳ ಬೇಗ ತುಂಬುತ್ತದೆ, ಒಂದು ಬಣ್ಣ ಇನ್ನೊಂದರೊಳಗೆ ಕರಗಿದಂತೆ ಬೆರೆಯುತ್ತದೆ. ಆದರೆ ಆ ಮೆದುತನಕ್ಕೆ ತೆರುವ ಬೆಲೆ ಕಾಗದದ ಮೈ ಬೇಗ ಮುಚ್ಚಿಹೋಗುವುದು. ಕಡುಗಂದು ಚರ್ಮಕ್ಕೆ ಪದರ ಹೆಚ್ಚು ಬೇಕಾದ್ದರಿಂದ ಈ ಕೊರತೆ ನಮಗೆ ಬೇರೆಯವರಿಗಿಂತ ಹೆಚ್ಚು ತಟ್ಟುತ್ತದೆ.

ನೆರಳಿನ ಭಾಗವನ್ನು ಕಪ್ಪು ಪೆನ್ಸಿಲಿನಿಂದ ತುಂಬಿದರೆ ಮುಖ ಮಸಿ ಬಳಿದಂತೆ ಕಾಣುತ್ತದೆ; ಇದು ಎರಡೂ ಬಗೆಗೆ ಒಪ್ಪುವ ಮಾತು. ಪಾಲಿಕ್ರೋಮೋಸಿನಲ್ಲಿ ನಾನು ಮೊದಲು 157ರ (ಇವು ಪೆನ್ಸಿಲಿನ ಮೇಲಿರುವ ಬಣ್ಣದ ಸಂಖ್ಯೆಗಳು) ಕಡುನೀಲಿಯನ್ನು ತೆಳ್ಳಗೆ ಹಾಕಿ, ಅದರ ಮೇಲೆ 283ರ ಕೆಂಗಂದು ಬರ್ನ್ಟ್ ಸಿಯೆನ್ನಾ, 192ರ ಮಣ್ಣುಗೆಂಪು ಇಂಡಿಯನ್ ರೆಡ್, ಕೊನೆಗೆ 175ರ ಕಪ್ಪುಗಂದು ಡಾರ್ಕ್ ಸೆಪಿಯಾ ಹಾಕುತ್ತೇನೆ. ಈ ಪದರಗಳು ಪಾರದರ್ಶಕವಾದ್ದರಿಂದ ಅಡಿಯ ನೀಲಿ ಪೂರ್ತಿ ಸಾಯದೆ ದವಡೆಯ ಕೆಳಗಿನ ನೆರಳಿನಲ್ಲಿ ತಣ್ಣಗೆ ಇಣುಕುತ್ತದೆ. ಮೇಣದ ಪೆನ್ಸಿಲಿನಲ್ಲಿ ಇದೇ ಕ್ರಮ ಅನುಸರಿಸಿದಾಗ ಮೇಲಿನ ಕಂದು ನೀಲಿಯನ್ನು ಎಳೆದುಕೊಂಡು ಒಂದೇ ಬಣ್ಣವಾಯಿತು. ಅದು ನೋಡಲು ಕೆಟ್ಟದ್ದೇನಲ್ಲ, ಆದರೆ ಚರ್ಮದ ಆಳ ಕಡಿಮೆಯಾಯಿತು.

ಗಾಢ ಬಣ್ಣ ಒತ್ತಾಗಿ ಹಾಕಿದ ಕಡೆ ಮೇಣ ಕೆಲವು ದಿನಗಳಲ್ಲಿ ಮೇಲಕ್ಕೆ ಬಂದು ಬೂದಿಯ ಪೊರೆಯಂತೆ ಕೂರುವುದು ಮೇಣದ ಪೆನ್ಸಿಲುಗಳ ಸಹಜ ಗುಣ. ಬಿಳಿ ಚರ್ಮದ ಚಿತ್ರದಲ್ಲಿ ಇದು ಕಣ್ಣಿಗೆ ಬೀಳುವುದೇ ಅಪರೂಪ. ನಮ್ಮ ಚಿತ್ರಗಳಲ್ಲಿ ಕೆನ್ನೆ, ಕೂದಲು, ಹುಬ್ಬು ಎಲ್ಲವೂ ಗಾಢವಾದ್ದರಿಂದ ಮುಖವೇ ಮಾಸಿದಂತಾಗುತ್ತದೆ. ಮೆತ್ತನೆಯ ಹತ್ತಿಬಟ್ಟೆಯಿಂದ ಹಗುರವಾಗಿ ಒರೆಸಿ, ಬಣ್ಣವನ್ನು ಕದಲದಂತೆ ಹಿಡಿದಿಡುವ ಫಿಕ್ಸೆಟಿವ್ ದ್ರವ ಸಿಂಪಡಿಸಿದರೆ ಹತೋಟಿಗೆ ಬರುತ್ತದೆ. ಏಪ್ರಿಲ್-ಮೇ ತಿಂಗಳ ಸೆಕೆಯಲ್ಲಿ ಮೆದು ಕಡ್ಡಿಗಳು ಇನ್ನಷ್ಟು ಮೆದುವಾಗಿ ಮೊನೆ ನಿಲ್ಲುವುದಿಲ್ಲವಾದ್ದರಿಂದ ಆ ಕಾಲದಲ್ಲಿ ಬೆಳಗಿನ ಹೊತ್ತೇ ಮೇಣದ ಕೆಲಸ ಮುಗಿಸಿಕೊಳ್ಳುತ್ತೇನೆ.

ಇನ್ನು ಈ ಮುಖದ ನಿಜವಾದ ಪರೀಕ್ಷೆಯಾಗಿದ್ದ ಬಿಳಿಯ ಕುರುಚಲು ಗಡ್ಡಕ್ಕೆ ಬರುತ್ತೇನೆ. ಬಣ್ಣದ ಪೆನ್ಸಿಲಿನಲ್ಲಿ ಗಾಢದ ಮೇಲೆ ತಿಳಿಬಣ್ಣ ಸುಲಭವಾಗಿ ನಿಲ್ಲುವುದಿಲ್ಲ. ಎಣ್ಣೆಯ ಬಿಳಿ ಪೆನ್ಸಿಲನ್ನು ಕಂದಿನ ಮೇಲೆ ಎಷ್ಟು ಒತ್ತಿ ಎಳೆದರೂ ಮಸುಕಾದ ಗೆರೆಯಷ್ಟೇ ಬಂತು. ಮೇಣದ ಬಿಳಿ ಅದಕ್ಕಿಂತ ಚೆನ್ನಾಗಿ ಮುಚ್ಚಿತು. ಸ್ವಿಟ್ಜರ್ಲೆಂಡಿನ ಕಾರಂದಾಶ್ ಕಂಪನಿಯ ಲ್ಯುಮಿನಾನ್ಸ್ ಬಿಳಿಯನ್ನು ಒಂಟಿಯಾಗಿ ಕೊಂಡು ತಂದು ಹಾಕಿದಾಗ ಅದು ಎರಡನ್ನೂ ಮೀರಿಸಿತು. ಆದರೂ ಒಂದೊಂದೇ ಕೂದಲು ಬಿಡಿಯಾಗಿ ಕಾಣಬೇಕೆಂದರೆ ಬಿಳಿ ಪೆನ್ಸಿಲನ್ನು ನಂಬಿ ಕೂರುವಂತಿಲ್ಲ. ಮಸಿ ಮುಗಿದ ಬಾಲ್‌ಪೆನ್ನಿನ ರೀಫಿಲ್ಲಿನಿಂದ, ಬಣ್ಣ ಹಾಕುವ ಮೊದಲೇ, ಗಲ್ಲದ ಜಾಗದಲ್ಲಿ ಕೂದಲಿನ ದಿಕ್ಕಿಗೆ ಸಣ್ಣ ಸಣ್ಣ ಗೆರೆಗಳನ್ನು ಒತ್ತಿ ಎಳೆಯಬೇಕು. ಕಾಗದದಲ್ಲಿ ಮೂಡಿದ ಆ ತೋಡುಗಳ ಮೇಲೆ ಪೆನ್ಸಿಲು ಹಾಯ್ದಾಗ ಬಣ್ಣ ಮೇಲಷ್ಟೇ ಹಿಡಿದು, ತೋಡಿನ ಬಿಳುಪು ಹಾಗೆಯೇ ಉಳಿಯುತ್ತದೆ. ಇಲ್ಲಿ ಮೊಂಡು ಮೊನೆಯ ಮೇಣದ ಪೆನ್ಸಿಲೇ ಗೆದ್ದಿತು. ಚೂಪಾದ ಎಣ್ಣೆಯ ಪೆನ್ಸಿಲು ತೋಡಿನೊಳಕ್ಕೆ ಇಳಿದು ಬಣ್ಣ ತುಂಬಿಬಿಡುತ್ತದೆ. ಅದನ್ನು ತೀರಾ ಓರೆಯಾಗಿ ಹಿಡಿದು ಸವರಿದರೆ ಮಾತ್ರ ಗೆರೆ ಉಳಿಯುತ್ತದೆ. ಬ್ಲೇಡಿನ ತುದಿಯಿಂದ ಕೆರೆದು ಬೆಳಕು ತೆಗೆಯುವುದರಲ್ಲೂ ಮೇಣದ ದಪ್ಪ ಪದರವೇ ಅನುಕೂಲ.

ಇಷ್ಟೆಲ್ಲ ಕಸರತ್ತನ್ನು ಅರ್ಧಕ್ಕೆ ಇಳಿಸಿದ್ದು ಪೆನ್ಸಿಲಲ್ಲ, ಕಾಗದ. ನನ್ನ ಹೋಲಿಕೆಯೆಲ್ಲ ನಡೆದದ್ದು ನುಣುಪಾದ ಬಿಳಿ ಬ್ರಿಸ್ಟಲ್ ಹಾಳೆಯ ಮೇಲೆ. ಅದು ಸೂಕ್ಷ್ಮ ಗೆರೆಗೆ ಒಳ್ಳೆಯದು, ಪದರಕ್ಕೆ ಅಲ್ಲ. 300 ಜಿಎಸ್‌ಎಂನ (ಚದರ ಮೀಟರಿಗೆ 300 ಗ್ರಾಂ ತೂಗುವ) ಹಾಟ್ ಪ್ರೆಸ್, ಅಂದರೆ ಬಿಸಿಯಲ್ಲಿ ಒತ್ತಿ ನುಣುಪು ಮಾಡಿದ ಹತ್ತಿ ಕಾಗದ ಎಷ್ಟು ಪದರವನ್ನಾದರೂ ತಾಳಿಕೊಳ್ಳುತ್ತದೆ, ಬ್ರಷ್ಷಿನಲ್ಲಿ ಟರ್ಪೆಂಟೈನ್ ಸವರಿ ಬಣ್ಣ ಕರಗಿಸಿದರೂ ಹಾಳಾಗುವುದಿಲ್ಲ, ಬೆಲೆ ಮಾತ್ರ ಕೈ ಕಚ್ಚುತ್ತದೆ. ಶಾಲೆಯ ಡ್ರಾಯಿಂಗ್ ಶೀಟಿನ ಮೇಲೆ ಯಾವ ದುಬಾರಿ ಪೆನ್ಸಿಲೂ ತನ್ನ ಗುಣ ತೋರುವುದಿಲ್ಲ. ಅದೇ ಮುಖವನ್ನು ತಿಳಿಗಂದು ಬಣ್ಣದ ಟೋನ್ಡ್ ಹಾಳೆಯ ಮೇಲೆ ಬರೆದಾಗ ಮಾವನ ಚರ್ಮದ ನಡುಬಣ್ಣ ಕಾಗದದಿಂದಲೇ ಸಿಕ್ಕಿತು. ನಾನು ಕೂಡಿಸಬೇಕಾದದ್ದು ನೆರಳು ಮತ್ತು ಬೆಳಕು ಮಾತ್ರ. ಬಿಳಿಯ ಹಾಳೆಯಲ್ಲಿ ಬಿಟ್ಟ ಜಾಗವಾಗಿದ್ದ ವಿಭೂತಿ, ಇಲ್ಲಿ ಬರೆದ ಬಣ್ಣವಾಯಿತು. ಕೆನ್ನೆಯೆಲುಬಿನ ಮೇಲಿನ ಹೊಳಪಿಗೆ ಆಕಾಶದ ಬೆಳಕಿನ ತಿಳಿನೀಲಿ-ಬೂದು ಎರಡೆಳೆ ಹಾಕಿದೊಡನೆ ಚರ್ಮಕ್ಕೆ ಎಣ್ಣೆಯ ಮಿರುಗು ಬಂತು. ಕಾನ್ಸನ್ ಮಿ-ಟೆಂತ್ ಎಂಬ 160 ಜಿಎಸ್‌ಎಂ ಬಣ್ಣದ ಕಾಗದವೂ ಸಿಗುತ್ತದೆ. ಅದರ ಒಂದು ಮಗ್ಗುಲಲ್ಲಿ ಜೇನುಗೂಡಿನಂತಹ ಅಚ್ಚು ಇರುವುದರಿಂದ ಮುಖ ಬರೆಯುವವರು ನುಣುಪಾದ ಇನ್ನೊಂದು ಮಗ್ಗುಲನ್ನು ಬಳಸಬೇಕು. ಟೋನ್ಡ್ ಹಾಳೆಯ ಮೇಲೆ ತಿಳಿಗೆಂಪು, ನೇರಳೆಗಳು ತಮ್ಮ ಕಾಂತಿ ಕಳೆದುಕೊಳ್ಳುತ್ತವೆ ಎಂಬುದೂ ನಿಜ. ರೇಷ್ಮೆ ಸೀರೆಯುಟ್ಟ ಮದುಮಗಳ ಚಿತ್ರಕ್ಕೆ ನಾನು ಈಗಲೂ ಬಿಳಿಯ ಕಾಗದವನ್ನೇ ತೆಗೆದುಕೊಳ್ಳುತ್ತೇನೆ.

ತುಮಕೂರಿನಲ್ಲಿ ಭಾವಚಿತ್ರ ಬರೆಯುವವರಿಗೆ ಸಿದ್ಧಗಂಗೆಯ ಡಾ. ಶಿವಕುಮಾರ ಸ್ವಾಮೀಜಿಯವರ (1907–2019) ಚಿತ್ರ ಬೇಕೆಂಬ ಕೋರಿಕೆ ಬಾರದಿರುವುದು ಕಡಿಮೆ. ಅಂತಹ ಚಿತ್ರ ಅಂಗಡಿಯಲ್ಲಿ, ಸಭಾಂಗಣದಲ್ಲಿ ವರ್ಷಗಟ್ಟಲೆ ಬೆಳಕಿಗೆ ತೆರೆದುಕೊಂಡಿರುತ್ತದೆಯಾದ್ದರಿಂದ ಬಣ್ಣ ಮಾಸದಿರುವುದು ಇಲ್ಲಿ ಮುಖ್ಯವಾಗುತ್ತದೆ. ಪಾಲಿಕ್ರೋಮೋಸಿನ ಪ್ರತಿ ಪೆನ್ಸಿಲಿನ ಮೇಲೂ ಬಾಳಿಕೆ ತಿಳಿಸುವ ನಕ್ಷತ್ರಗಳಿವೆ, ಮೂರು ನಕ್ಷತ್ರ ಉತ್ತಮ. ಲ್ಯುಮಿನಾನ್ಸ್ ತಯಾರಾಗಿರುವುದೇ ಎಎಸ್‌ಟಿಎಂ ಡಿ6901 ಎಂಬ ಬಾಳಿಕೆಯ ಮಾನದಂಡಕ್ಕೆ. ಕಂದು, ಕಾವಿಯ ಮಣ್ಣುಬಣ್ಣಗಳು ಸಾಮಾನ್ಯವಾಗಿ ಗಟ್ಟಿ. ಗುಲಾಬಿ, ನೇರಳೆಗಳನ್ನು ಯಾವ ಪೆಟ್ಟಿಗೆಯಲ್ಲೂ ಕಣ್ಣುಮುಚ್ಚಿ ನಂಬಬಾರದು. ತುಟಿಗೆ ಗುಲಾಬಿಯ ಬದಲು ಇಂಡಿಯನ್ ರೆಡ್ ಬಳಸಿದರೆ ನಮ್ಮ ಮುಖಗಳಿಗೆ ಹೇಗೂ ಅದೇ ಹೆಚ್ಚು ಒಪ್ಪುತ್ತದೆ.

ದೊಡ್ಡ ಪೆಟ್ಟಿಗೆ ಕೊಳ್ಳಬೇಕೇ ಎಂದು ಕೇಳುವವರಿಗೆ ಬೇಡವೆನ್ನುತ್ತೇನೆ. 120ರ ಪೆಟ್ಟಿಗೆಯಲ್ಲಿ ಮುಖಕ್ಕೆ ಬೇಕಾಗುವುದು ಕೆಲವೇ ಬಣ್ಣಗಳು, ಹಸಿರುಗಳೆಲ್ಲ ಹಾಗೇ ಉಳಿಯುತ್ತವೆ. ಬೆಂಗಳೂರಿಗೆ ಹೋದಾಗ ಬಿಡಿಯಾಗಿ ಪೆನ್ಸಿಲು ಕೊಡುವ ಅಂಗಡಿಯಲ್ಲಿ ಮೇಲೆ ಹೇಳಿದ ನಾಲ್ಕು ಎಣ್ಣೆಯ ಬಣ್ಣಗಳ ಜೊತೆಗೆ 187ರ ಬರ್ನ್ಟ್ ಓಕರ್ ಮತ್ತು ಒಂದು ತಿಳಿ ನೀಲಿ-ಬೂದು ಕೊಂಡು, ಮೇಣದ ಬಿಳಿಯೊಂದನ್ನು ಸೇರಿಸಿ, ಉಳಿದ ಹಣವನ್ನು ಟೋನ್ಡ್ ಹಾಳೆಗೆ ಹಾಕುವುದು ಮೇಲು. ಅಗಲವಾದ ಬಟ್ಟೆ, ಹಿನ್ನೆಲೆ ಬರೆಯುವ ಹಂಬಲವಿದ್ದರೆ ಮಾತ್ರ ಮೇಣದ ಸಣ್ಣ ಪೆಟ್ಟಿಗೆಯನ್ನು ಆಮೇಲೆ ತೆಗೆದುಕೊಳ್ಳಬಹುದು. ಮಾವನ ಟವೆಲನ್ನು ನಾನು ತುಂಬಿದ್ದು ಅದರಲ್ಲೇ.