ಐಸೊಬಸ್ಟರ್: ಐದು ವರ್ಷದ ಬಳಕೆ, ಹದಿನೆಂಟು ವರ್ಷ ಹಳೆಯ ಕಾಶಿಯಾತ್ರೆ

ಐಸೊಬಸ್ಟರ್ ಎಂದರೆ ಓದಲು ಬಾರದ ಸಿಡಿ, ಡಿವಿಡಿಗಳಿಂದ ಫೋಟೊ, ವಿಡಿಯೊ ಹೊರತೆಗೆಯುವ ಸಾಫ್ಟ್‌ವೇರ್. ಲೆಕ್ಕ ಮೊದಲೇ ಕೊಟ್ಟುಬಿಡುತ್ತೇನೆ. ನನ್ನ ಹತ್ತಿರ ಓದಲು ಬಾರದ ಒಂಬತ್ತು ಡಿಸ್ಕುಗಳಿದ್ದವು. ಆರು ಪೂರ್ತಿ ಬಂದವು. ಎರಡು ಅರೆಬರೆ ಬಂದವು. ಒಂದು ಸತ್ತೇ ಹೋಯಿತು. ಆ ಆರರಲ್ಲೂ ಎಲ್ಲವನ್ನೂ ಉಳಿಸಿದ್ದು ಈ ಸಾಫ್ಟ್‌ವೇರ್ ಅಲ್ಲ. ಅದಕ್ಕೇ ಇಷ್ಟು ಉದ್ದ ಬರೆಯಬೇಕಾಯಿತು.

ನಮ್ಮ ಮನೆ ಬದಿಯಡ್ಕದ ಹತ್ತಿರ. 2007ರಲ್ಲಿ ಅಪ್ಪ, ಅಮ್ಮ, ಅಕ್ಕ, ಭಾವ, ನಾನು ಕಾಶಿಗೆ ಹೋಗಿದ್ದೆವು. ಕಾಸರಗೋಡಿನಲ್ಲಿ ಮಂಗಳಾ ಎಕ್ಸ್‌ಪ್ರೆಸ್ ಹತ್ತಿ ದೆಹಲಿ, ಅಲ್ಲಿಂದ ಪ್ರಯಾಗ, ಕಾಶಿ, ಗಯೆ. ಭಾವ ದುಬೈಯಿಂದ ತಂದ ವಿಡಿಯೊ ಕ್ಯಾಮೆರಾ ಇತ್ತು. ಎಂಟು ಸೆಂಟಿಮೀಟರಿನ ಪುಟ್ಟ ಡಿವಿಡಿ ಹಾಕುವಂಥದ್ದು. ಒಂದು ಡಿಸ್ಕಿಗೆ 1.4 ಜಿಬಿ, ಅಂದರೆ ಅರ್ಧ ಗಂಟೆಯ ವಿಡಿಯೊ. ನನ್ನ ಕೈಯಲ್ಲಿ ಫೋಟೊ ಕ್ಯಾಮೆರಾ. ಅದರ ಕಾರ್ಡು 512 ಎಂಬಿ. ತುಂಬಿದಾಗಲೆಲ್ಲ ಸೈಬರ್ ಕೆಫೆಗೆ ಹೋಗಿ ಸಿಡಿಗೆ ಹಾಕಿಸುವುದು. ಆಗ ಎಲ್ಲರೂ ಹಾಗೇ ಮಾಡುತ್ತಿದ್ದದ್ದು, ಅಲ್ವಾ?

ಊರಿಗೆ ಬಂದು ಎರಡು ಸಲ ನೋಡಿದೆವು. ಆಮೇಲೆ ಡಿಸ್ಕುಗಳು ಕಬ್ಬಿಣದ ಕಪಾಟಿನಲ್ಲಿ ಅಮ್ಮನ ಸೀರೆಗಳ ಕೆಳಗೆ ಹೋದವು. ನಮ್ಮೂರ ಮಳೆಗಾಲ ಗೊತ್ತಲ್ಲ, ಚಪ್ಪಲಿಗೂ ಬೂಸು ಹಿಡಿಯುತ್ತದೆ. 2020ರ ಲಾಕ್‌ಡೌನ್‌ನಲ್ಲಿ ತೆಗೆದಾಗ ಮೂರು ಸಿಡಿಗಳ ಮೇಲೆ ಬಿಳಿ ಚುಕ್ಕೆ. ಲ್ಯಾಪ್‌ಟಾಪಿಗೆ ಹಾಕಿದರೆ ಕಟಕಟ ಶಬ್ದ. ವಿಂಡೋಸ್ ಐದು ನಿಮಿಷ ಸುಮ್ನೆ ನಿಂತು, ಕೊನೆಗೆ ಡಿಸ್ಕೇ ಇಲ್ಲ ಎಂದಿತು. ಮೊದಲೊಮ್ಮೆ ಕಾಸರಗೋಡಿನ ಒಂದು ಅಂಗಡಿಯಲ್ಲಿ ತೋರಿಸಿದ್ದೆ. ಕೈಯಲ್ಲಿ ಹಿಡಿದು ನೋಡಿ, "ಇದು ಹೋಯಿತು ಮಾರಾಯ್ರೆ" ಎಂದು ವಾಪಸ್ ಕೊಟ್ಟಿದ್ದರು.

ಆಗ ಸಿಕ್ಕಿದ್ದು ಐಸೊಬಸ್ಟರ್. ಬೆಲ್ಜಿಯಂನ ಸ್ಮಾರ್ಟ್ ಪ್ರಾಜೆಕ್ಟ್ಸ್ ಎಂಬ ಕಂಪನಿಯದ್ದು. ವಿಂಡೋಸ್‌ನಲ್ಲಿ ಓಡುತ್ತದೆ. ಹಣ ಕೊಡುವ ಮೊದಲೇ ಹಾಕಿ ನೋಡಬಹುದು. ಒಳಗೆ ಏನೇನು ಉಂಟು ಎಂದು ಗಿಡದ ಕೊಂಬೆಯ ಹಾಗೆ ಎಡಬದಿಯಲ್ಲಿ ತೋರಿಸುತ್ತದೆ. ನನಗೆ ಲೈಸೆನ್ಸಿಗೆ ಸುಮಾರು ಮೂರು ಸಾವಿರ ರೂಪಾಯಿ ಬಿತ್ತು. ಅದೇ ಲೈಸೆನ್ಸಿನಲ್ಲಿ ಇವತ್ತಿಗೂ ಬಳಸುತ್ತಿದ್ದೇನೆ.

ಬೂಸು ಹಿಡಿದ ಮೂರು ಸಿಡಿಗಳ ಕತೆ ಸಣ್ಣದು. ಪಾತ್ರೆ ತೊಳೆಯುವ ಸೋಪಿನ ಒಂದು ಹನಿ, ಉಗುರುಬೆಚ್ಚಗಿನ ನೀರು, ಹಳೆ ಪಂಚೆಯ ತುಂಡು. ನಡುವಿನಿಂದ ಅಂಚಿಗೆ ನೇರವಾಗಿ ಒರೆಸಬೇಕು. ಸುತ್ತು ಸುತ್ತು ಒರೆಸಿದರೆ ಗೀರು ಮಾಹಿತಿ ಬರೆದ ದಾರಿಯಲ್ಲೇ ಉದ್ದಕ್ಕೆ ಬೀಳುತ್ತದೆ, ಅಂಥ ಗೀರನ್ನು ಸರಿಪಡಿಸಿಕೊಳ್ಳಲು ಡ್ರೈವಿಗೆ ಕಷ್ಟ. ಒಣಗಿಸಿ ಹಾಕಿದೆ, ಬೇರೆ ಡ್ರೈವಿನಲ್ಲಿ ಓದಿಸಿದೆ, ಮೂರೂ ಬಂದವು. ಇಲ್ಲಿ ಸಾಫ್ಟ್‌ವೇರಿನ ಹೆಗ್ಗಳಿಕೆ ಏನೂ ಇಲ್ಲ. ಸೋಪಿನದ್ದೇ ಜಾಸ್ತಿ.

ನಾಲ್ಕನೆಯ ಸಿಡಿಯಲ್ಲಿ ಮಾತ್ರ ನಾನು ಕುರ್ಚಿಯಿಂದ ಎದ್ದೆ. ಕಾಶಿಯ ಸೈಬರ್ ಕೆಫೆಯದ್ದು. ವಿಂಡೋಸ್‌ನಲ್ಲಿ ತೆರೆದರೆ ಸಾರನಾಥದ ಫೋಟೊಗಳು ಮಾತ್ರ. ದಶಾಶ್ವಮೇಧ ಘಾಟಿನದ್ದು ಒಂದೂ ಇಲ್ಲ. ಆ ಹುಡುಗ ಹಾಕಲೇ ಇಲ್ಲ ಎಂದು ಹದಿಮೂರು ವರ್ಷ ಬೈದುಕೊಂಡಿದ್ದೆ. ಐಸೊಬಸ್ಟರಿನಲ್ಲಿ ನೋಡಿದರೆ ಆ ಸಿಡಿಯಲ್ಲಿ ಎರಡು ಸೆಶನ್. ಮೊದಲ ದಿನ ಹಾಕಿದ್ದು ಒಂದು, ಮೂರನೆಯ ದಿನ ಅದೇ ಸಿಡಿಯ ಉಳಿದ ಜಾಗದಲ್ಲಿ ಹಾಕಿದ್ದು ಇನ್ನೊಂದು. ಎರಡನೆಯದನ್ನು ಹಾಕುವಾಗ ಮೊದಲನೆಯದರ ಪಟ್ಟಿಯನ್ನು ಅದಕ್ಕೆ ಜೋಡಿಸದಿದ್ದರೆ ಕಂಪ್ಯೂಟರ್ ಕೊನೆಯದನ್ನು ಮಾತ್ರ ತೋರಿಸುತ್ತದೆ. ಮೊದಲನೆಯದು ಅಲ್ಲೇ ಇತ್ತು, ಒಂದು ಗೀರೂ ಇಲ್ಲದೆ. ಸಿಡಿ ಹಾಳೇ ಆಗಿರಲಿಲ್ಲ! ನಿಮ್ಮ ಹಳೆ ಸಿಡಿಯಲ್ಲೂ "ಇಷ್ಟೇ ಇತ್ತಾ?" ಅನ್ನಿಸಿದರೆ ಇದನ್ನೊಮ್ಮೆ ನೋಡಿ. ಮತ್ತೆ ಆ ಹುಡುಗನಿಗೆ ಮನಸ್ಸಿನಲ್ಲೇ ಕ್ಷಮೆ ಕೇಳಿಕೊಂಡೆ.

ಐದನೆಯದನ್ನು ಕೊಂದದ್ದು ನಾನೇ. ಊರಿನ ಸ್ಟುಡಿಯೊದಲ್ಲಿ ಚಂದಕ್ಕೆ ಅಂತ ಮೇಲೆ ಸ್ಟಿಕ್ಕರ್ ಅಂಟಿಸಿ ಕೊಟ್ಟಿದ್ದರು. ಅದು ಒಂದು ಬದಿ ಎದ್ದಿತ್ತು, ತಿರುಗುವಾಗ ಡ್ರೈವ್ ಅಲುಗಾಡುತ್ತಿತ್ತು. ಎಳೆದೆ. ಸ್ಟಿಕ್ಕರಿನ ಜೊತೆ ಬೆಳ್ಳಿಯ ಪದರವೂ ಬಂತು. ಬೆಳಕಿಗೆ ಹಿಡಿದರೆ ಸಿಡಿಯ ಮೂಲಕ ತೆಂಗಿನಮರ ಕಾಣುತ್ತದೆ. ನಾವೆಲ್ಲ ಸಿಡಿಯ ಕೆಳಬದಿಯನ್ನೇ ಜೋಪಾನ ಮಾಡುತ್ತೇವೆ. ಆದರೆ ಸಿಡಿಯಲ್ಲಿ ಮಾಹಿತಿ ಇರುವುದು ಮೇಲ್ಬದಿಯಲ್ಲಿ, ಹೆಸರು ಬರೆಯುವ ಜಾಗದ ತೀರಾ ಕೆಳಗೆ. ಕೆಳಗಿನ ಪ್ಲಾಸ್ಟಿಕ್ ಒಂದು ಮಿಲಿಮೀಟರಿಗಿಂತ ದಪ್ಪ, ಅಲ್ಲಿಯ ಸಣ್ಣ ಗೀರು ಅಷ್ಟು ಅಪಾಯವಲ್ಲ. ಡಿವಿಡಿ ಹಾಗಲ್ಲ, ತಲಾ 0.6 ಮಿಲಿಮೀಟರಿನ ಎರಡು ತಟ್ಟೆಗಳ ನಡುವೆ ಮಾಹಿತಿ ಇರುತ್ತದೆ. ಸಿಡಿಗೆ ಅಂಟಿಸಿದ ಸ್ಟಿಕ್ಕರನ್ನು ದಯವಿಟ್ಟು ಕೀಳಬೇಡಿ. ಅದಕ್ಕೆ ಯಾವ ಸಾಫ್ಟ್‌ವೇರಿನಲ್ಲೂ ಮದ್ದಿಲ್ಲ.

ಇನ್ನು ಆ ಪುಟ್ಟ ಡಿವಿಡಿಗಳು. ಒಟ್ಟು ನಾಲ್ಕು. ಇವನ್ನು ಡಿಸ್ಕ್ ಒಳಗೆ ಎಳೆದುಕೊಳ್ಳುವ ತೆಳು ಡ್ರೈವಿಗೆ ಹಾಕಬಾರದು, ಸಿಕ್ಕಿಹಾಕಿಕೊಳ್ಳುತ್ತದೆ. ತಟ್ಟೆ ಹೊರಗೆ ಬರುವಂಥದ್ದೇ ಬೇಕು. ಒಂದು ಡಿಸ್ಕ್ ಸುಲಭವಾಗಿ ಬಂತು. ಉಳಿದ ಮೂರನ್ನು ಕಂಪ್ಯೂಟರ್ "ಖಾಲಿ ಡಿಸ್ಕ್" ಎಂದಿತು. ಏನಾದರೂ ಬರೆಯಲಾ ಎಂದೂ ಕೇಳಿತು! ಆ ಗಳಿಗೆಯಲ್ಲಿ ಸರಿ ಎಂದು ಒತ್ತಿದರೆ ಮುಗಿಯಿತು. ಒತ್ತಬೇಡಿ.

ಕಾರಣ ಗೊತ್ತಾದದ್ದು ಆಮೇಲೆ. ಈ ಕ್ಯಾಮೆರಾಗಳಲ್ಲಿ ಚಿತ್ರೀಕರಣ ಮುಗಿದ ಮೇಲೆ ಫೈನಲೈಸ್ ಎಂಬ ಬಟನ್ ಒತ್ತಬೇಕು. ಆಗಲೇ ಡಿಸ್ಕಿಗೆ ಕೊನೆಯ ಪಟ್ಟಿ ಬಿದ್ದು ಬೇರೆ ಯಂತ್ರಗಳು ಓದುವುದು. ಭಾವ ಒಂದಕ್ಕೆ ಮಾತ್ರ ಒತ್ತಿದ್ದ. ದುಬೈಗೆ ಫೋನ್ ಮಾಡಿದೆ.

"ಎಂತ ಭಾವಾ, ಅದೊಂದು ಬಟನ್ ಒತ್ತಲಿಕ್ಕೆ ಆಗ್ಲಿಲ್ವಾ?"

"ಕ್ಯಾಮೆರಾ ನೀರ್ಚಾಲಿನಲ್ಲೇ ಉಂಟಲ್ಲ ಮಾರಾಯ, ಈಗ ಒತ್ತು!"

ಸರಿಯಾದ ಮಾತೇ. ಅಕ್ಕನ ಮನೆಯಿಂದ ಕ್ಯಾಮೆರಾ ತರಿಸಿದೆ. ಬ್ಯಾಟರಿ ಸತ್ತಿತ್ತು, ಕರೆಂಟಿಗೇ ಚುಚ್ಚಿ ಆನ್ ಮಾಡಿದೆ. ಎರಡು ಡಿಸ್ಕ್ ಹತ್ತು ಹದಿನೈದು ನಿಮಿಷದಲ್ಲಿ ಫೈನಲೈಸ್ ಆದವು. ಒಂದು ಪೈಸೆ ಖರ್ಚಿಲ್ಲ. ನಿಮ್ಮ ಹತ್ತಿರ ಮೂಲ ಕ್ಯಾಮೆರಾ ಇದ್ದರೆ ಮೊದಲು ಇದನ್ನೇ ಮಾಡಿ, ಸಾಫ್ಟ್‌ವೇರ್ ಆಮೇಲೆ.

ಈ ಎರಡರಲ್ಲಿ ಒಂದು ಪೂರ್ತಿ ಬಂತು. ಇನ್ನೊಂದರಲ್ಲಿ ಅಂಚಿನ ಸ್ವಲ್ಪ ಭಾಗ ಓದಲು ಬರಲಿಲ್ಲ. ವಿಡಿಯೊದ ಕೊನೆಯೇ ಅದು. ಡಿಸ್ಕಿನಲ್ಲಿ ಬರೆಯುವುದು ಒಳಗಿನಿಂದ ಹೊರಗೆ. ಗಯೆಯ ವಿಷ್ಣುಪಾದದ ಹೊರಗೆ ಅಪ್ಪ ಎಳನೀರಿಗೆ ಚೌಕಾಸಿ ಮಾಡುವಲ್ಲಿಗೆ ಚಿತ್ರ ಚೌಕ ಚೌಕವಾಗಿ ಒಡೆದು ನಿಲ್ಲುತ್ತದೆ. ಎಷ್ಟಕ್ಕೆ ಕೊಟ್ಟ ಎಂದು ಇನ್ನೂ ಗೊತ್ತಾಗಿಲ್ಲ.

ಕೊನೆಯದು ಪ್ರಯಾಗದ್ದು. ತ್ರಿವೇಣಿ ಸಂಗಮಕ್ಕೆ ದೋಣಿಯಲ್ಲಿ ಹೋದದ್ದು. ಅದನ್ನು ಕ್ಯಾಮೆರಾವೇ ಬೇಡ ಎಂದಿತು. ಮೂರು ಸಾವಿರ ವಸೂಲಾದದ್ದು ಇಲ್ಲಿ.

ಐಸೊಬಸ್ಟರಿನಲ್ಲಿ ಮ್ಯಾನೇಜ್ಡ್ ಇಮೇಜ್ ಎಂದು ಒಂದು ಉಂಟು. ಡಿಸ್ಕಿನ ಪ್ರತಿಯನ್ನು ಸ್ವಲ್ಪ ಸ್ವಲ್ಪವಾಗಿ ಕಟ್ಟುವ ವ್ಯವಸ್ಥೆ. ಒಂದು ಪುಟ್ಟ ಡಿವಿಡಿಯಲ್ಲಿ 2048 ಬೈಟಿನ ತುಂಡುಗಳು ಸುಮಾರು ಏಳು ಲಕ್ಷ. ಯಾವುದು ಬಂತು, ಯಾವುದು ಬರಲಿಲ್ಲ ಎಂದು ಅದು ನೆನಪಿಟ್ಟುಕೊಳ್ಳುತ್ತದೆ. ಅಡಿಕೆ ಹೆಕ್ಕಿದ ಹಾಗೆ. ಮೊದಲ ಸುತ್ತಿಗೆ ಕಣ್ಣಿಗೆ ಬಿದ್ದದ್ದು, ಮತ್ತಿನ ಸುತ್ತಿಗೆ ಸೋಗೆಯ ಅಡಿಯಲ್ಲಿದ್ದದ್ದು. ನಡುವೆ ನಿಲ್ಲಿಸಬಹುದು, ನಾಳೆ ಮುಂದುವರಿಸಬಹುದು. ಮಳೆಗಾಲದಲ್ಲಿ ದಿನಕ್ಕೆ ನಾಲ್ಕು ಸಲ ಕರೆಂಟು ಹೋಗುವ ನಮ್ಮಂಥವರಿಗೆ ಇದು ಸಣ್ಣ ಸಂಗತಿಯಲ್ಲ. ಎಲ್ಲಕ್ಕಿಂತ ಮುಖ್ಯ, ಡ್ರೈವ್ ಬದಲಿಸಿ ಅದೇ ಪ್ರತಿಗೆ ಸೇರಿಸುತ್ತಾ ಹೋಗಬಹುದು.

ಡ್ರೈವ್ ಬದಲಿಸುವುದೇ ಇಲ್ಲಿ ದೊಡ್ಡ ಕೆಲಸ. ಡಿಸ್ಕನ್ನು ಓದುವುದು ಡ್ರೈವು, ಸಾಫ್ಟ್‌ವೇರ್ ಅಲ್ಲ. ಇದು ನನಗೆ ತಿಳಿಯಲು ಎರಡು ತಿಂಗಳು ಬೇಕಾಯಿತು. ಹೊಸದಾಗಿ ಕೊಂಡ ಯುಎಸ್‌ಬಿ ಡ್ರೈವಿಗೆ ದೋಣಿಯ ಡಿಸ್ಕ್ ಕಾಣಲೇ ಇಲ್ಲ. ಅದಕ್ಕೆ ಕರೆಂಟೂ ಸಾಲುತ್ತಿರಲಿಲ್ಲ, ಎರಡು ತಲೆಯ ಕೇಬಲ್ ಹಾಕಿದ ಮೇಲೆ ಕಟಕಟ ಸದ್ದು ನಿಂತಿತು, ಡಿಸ್ಕ್ ಮಾತ್ರ ಕಾಣಲಿಲ್ಲ. ಗೆಳೆಯನ ಹಳೆ ಡೆಸ್ಕ್‌ಟಾಪಿನ ಧೂಳು ತುಂಬಿದ ಡ್ರೈವ್ ಒಂದೇ ಸಲಕ್ಕೆ ಗುರುತಿಸಿತು. ಆಮೇಲೆ ಐಸೊಬಸ್ಟರ್ ಡಿಸ್ಕನ್ನೆಲ್ಲ ಜಾಲಾಡಿ ವಿಡಿಯೊದ ತುಂಡುಗಳನ್ನು ಹುಡುಕಿ ಕೊಟ್ಟಿತು. ಆ ಹಳೆ ಡ್ರೈವಿನಲ್ಲಿ ನೂರಕ್ಕೆ 62 ಭಾಗ ಬಂತು, ಇನ್ನೊಂದು ಡ್ರೈವಿನದ್ದು ಸೇರಿದಾಗ 85, ಮತ್ತೊಂದರದ್ದು ಸೇರಿದಾಗ 91. ಉಳಿದದ್ದು ಒಂದೊಂದಾಗಿ ಹೋಗಿಲ್ಲ, ಹದಿನಾರು ಹದಿನಾರರ ಗುಂಪಾಗಿ ಹೋಗಿದೆ. ಡಿವಿಡಿ ತಪ್ಪು ತಿದ್ದಿಕೊಳ್ಳುವುದು ಹದಿನಾರು ತುಂಡುಗಳ ಕಟ್ಟಿನಲ್ಲಿ. ತಿದ್ದಲು ಆಗದಿದ್ದರೆ ಕಟ್ಟಿಗೆ ಕಟ್ಟೇ ಹೋಗುತ್ತದೆ.

ಉಚಿತದ್ದು ಇಲ್ವಾ ಎಂದರೆ ಉಂಟು. ಲಿನಕ್ಸ್ ಗೊತ್ತಿದ್ದರೆ ಡಿಡಿರೆಸ್ಕ್ಯೂ ಇದೇ ಹೆಕ್ಕುವ ಕೆಲಸವನ್ನು ಚೆನ್ನಾಗಿ ಮಾಡುತ್ತದೆ. ಅದರ ಪ್ರತಿಯಿಂದ ಫೋಟೊ ಬಿಡಿಸಲು ಫೋಟೊರೆಕ್ ಎಂಬ ಇನ್ನೊಂದು ಉಚಿತ ಸಾಫ್ಟ್‌ವೇರ್ ಸಾಕು. ಫೈಲಿನ ಹೆಸರು ಹೋಗುತ್ತದೆ, ಆದರೆ ಫೋಟೊದ ಒಳಗೆ ತೆಗೆದ ದಿನಾಂಕ ಇರುತ್ತದೆ, ಅದರಿಂದ ಜೋಡಿಸಬಹುದು. ಬರೀ ಗೀರು ಬಿದ್ದ ಸಿಡಿಯಾದರೆ ಮೂರು ಸಾವಿರ ಕೊಡಬೇಡಿ. ಫೈನಲೈಸ್ ಆಗದ ಡಿಸ್ಕ್, ಒಂದರ ಮೇಲೊಂದು ಸೆಶನ್ ಇರುವ ಡಿಸ್ಕ್ ಇದ್ದರೆ ಕೊಡಿ. ಸಾಫ್ಟ್‌ವೇರಿನ ಮುಖ ಹಳೆಯ ಕಾಲದ್ದು, ಮೌಸಿನ ಬಲಗುಂಡಿ ಒತ್ತಿದರೆ ಉದ್ದುದ್ದ ಪಟ್ಟಿ. ಮೊದಲ ವಾರ ತಲೆ ಕೆಡುತ್ತದೆ. ನಾನಂತೂ ಈಗಲೂ ಅದರಲ್ಲಿ ಅರ್ಧ ಮುಟ್ಟಿಲ್ಲ.

ದೋಣಿಯ ವಿಡಿಯೊದಲ್ಲಿ ಸಿಕ್ಕಿದ್ದು ಏನು ಗೊತ್ತಾ? ಭಾವ ಕ್ಯಾಮೆರಾ ಆಫ್ ಮಾಡಲು ಮರೆತು ಮಡಿಲಲ್ಲಿ ಇಟ್ಟುಕೊಂಡಿದ್ದ. ಹನ್ನೊಂದು ನಿಮಿಷ ಬರೀ ಅವನ ಚಪ್ಪಲಿ. ಹಿಂದೆ ಹುಟ್ಟಿನ ಸದ್ದು, ಅಪ್ಪನ ಹರಕುಮುರುಕು ಹಿಂದಿ, ಅಮ್ಮನ ನಗು. ಸಂಗಮದಲ್ಲಿ ಅಮ್ಮ ಮುಳುಗಿ ಎದ್ದದ್ದು ಮಾತ್ರ ಬಾರದ ಒಂಬತ್ತು ಭಾಗದಲ್ಲಿ ಉಂಟು.

"ನಾನು ನೀರಿಗೆ ಇಳಿದದ್ದು ಬಂತಾ?" ಎಂದು ಅಮ್ಮ ಈಗಲೂ ಕೇಳುತ್ತಾರೆ. ಪೆರ್ಲದಲ್ಲಿ ಒಬ್ಬರು ಡಿಟಿಪಿ ಸೆಂಟರ್ ಮುಚ್ಚುತ್ತಿದ್ದಾರೆ. ಅವರ ಹತ್ತಿರ ಎರಡು ಹಳೆ ಡ್ರೈವ್ ಇವೆಯಂತೆ. ಭಾನುವಾರ ಹೋಗಿ ತರಬೇಕು.