ಗಂಡುನಾಯಿಗೆ ‘ಸ್ಟಡ್ ತಪಾಸಣೆ’ ಪ್ಯಾಕೇಜ್: ಯಾವುದಕ್ಕೆ ದುಡ್ಡು ಕೊಡಬೇಕು, ಯಾವುದಕ್ಕೆ ಬೇಡ

ಕುರಿ ಕಾಯುವ, ವಾಸನೆ ಹಿಡಿಯುವಂಥ ಕೆಲಸದಲ್ಲಿ ಒಂದೂವರೆ ವರ್ಷದ ಗಂಡುನಾಯಿ ಸ್ವಲ್ಪ ಚುರುಕು ತೋರಿಸಿದರೆ ಸಾಕು, ಹೆಣ್ಣುನಾಯಿ ಇರುವವರ ಫೋನ್ ಶುರುವಾಗುತ್ತದೆ. ಇಂಥವರಿಗೆಂದೇ ಪಶುವೈದ್ಯ ಕ್ಲಿನಿಕ್‌ಗಳು ‘ಸ್ಟಡ್ ತಪಾಸಣೆ’ (ಸ್ಟಡ್ ಎಂದರೆ ಮರಿ ಮಾಡಿಸಲು ಬಳಸುವ ಗಂಡುನಾಯಿ) ಎಂಬ ಪ್ಯಾಕೇಜ್ ಕೊಡುತ್ತವೆ. ಅದರಲ್ಲಿ ಮೈ ಪರೀಕ್ಷೆ, ವೀರ್ಯ ಪರೀಕ್ಷೆ, ಬ್ರೂಸೆಲ್ಲಾ ಎಂಬ ಸೋಂಕಿನ ರಕ್ತಪರೀಕ್ಷೆ, ಕೀಲುಗಳ ಎಕ್ಸ್‌ರೇ, ಡಿಎನ್‌ಎ ಎಲ್ಲ ಇರುತ್ತವೆ. ಬೇಕೆಂದವರಿಗೆ ವೀರ್ಯವನ್ನು ಹೆಪ್ಪುಗಟ್ಟಿಸಿಯೂ ಇಡುತ್ತಾರೆ. ಈ ನಾಯಿಯಿಂದ ಮರಿ ಆಗುತ್ತದೆಯೇ ಎಂಬುದಕ್ಕೆ ಪ್ಯಾಕೇಜ್ ಚೆನ್ನಾಗಿಯೇ ಉತ್ತರ ಕೊಡುತ್ತದೆ. ಮರಿ ಮಾಡಿಸಬೇಕೇ ಎಂಬುದಕ್ಕೆ ಅರ್ಧ ಉತ್ತರವೂ ಅದರಲ್ಲಿಲ್ಲ. ಇದು ಗೊತ್ತಿದ್ದು ಹೋದವರಿಗೆ ಹಣ ದಂಡವಾಗುವುದಿಲ್ಲ.

ಮೈ ಪರೀಕ್ಷೆ ಅತಿ ಅಗ್ಗದ್ದು, ಅತಿ ಅವಸರದಲ್ಲಿ ಮುಗಿಯುವುದೂ ಅದೇ. ವೃಷಣಗಳು ಎರಡೂ ಚೀಲಕ್ಕೆ ಇಳಿದಿವೆಯೇ ಎಂದು ಕೈಯಿಟ್ಟು ನೋಡಬೇಕು. ಆರು ತಿಂಗಳು ದಾಟಿದ ಮೇಲೂ ಒಂದು ಇಳಿದಿಲ್ಲವೆಂದರೆ ಪ್ಯಾಕೇಜನ್ನು ಅಲ್ಲಿಗೇ ನಿಲ್ಲಿಸಿ. ಈ ದೋಷ ವಂಶದಲ್ಲಿ ಇಳಿಯುತ್ತದೆ, ಆದರೆ ಒಂದೇ ಇಳಿದ ನಾಯಿಗೂ ಮರಿ ಹುಟ್ಟಿಸುವ ಶಕ್ತಿ ಇರುತ್ತದೆ. ಎಡವಟ್ಟಾಗುವುದು ಇಲ್ಲೇ. ಹಲ್ಲಿನ ಜೋಡಣೆ, ಹೃದಯದ ಸದ್ದು, ಪ್ರಾಸ್ಟೇಟ್ ಇವನ್ನೂ ನೋಡದೆ ನೇರ ಎಕ್ಸ್‌ರೇ ಮೇಜಿಗೆ ಕರೆದೊಯ್ಯುವ ಕ್ಲಿನಿಕ್ ಬೇಡ.

ವೀರ್ಯ ಪರೀಕ್ಷೆಯಲ್ಲಿ ಕ್ಲಿನಿಕ್‌ನ ಕೈಚಳಕ ಬಯಲಾಗುತ್ತದೆ. ನೆಲ ಜಾರಬಾರದು, ರಬ್ಬರ್ ಮ್ಯಾಟ್ ಹಾಸಿರಬೇಕು. ಬೆದೆಯಲ್ಲಿರುವ ಹೆಣ್ಣೊಂದು ಅಲ್ಲೇ ಇದ್ದರೆ ಎಳೆ ನಾಯಿಯ ಹಿಂಜರಿಕೆ ಅರ್ಧ ಕಡಿಮೆಯಾಗುತ್ತದೆ. ದ್ರವ ಮೂರು ಹಂತದಲ್ಲಿ ಬರುತ್ತದೆ: ಮೊದಲು ತಿಳಿಯಾದ ಕೆಲವು ಹನಿ, ಆಮೇಲೆ ಹಾಲಿನಂತೆ ಬಿಳುಪಾದ ವೀರ್ಯಾಣುಗಳ ಭಾಗ, ಕೊನೆಗೆ ಮತ್ತೆ ತಿಳಿಯಾಗಿ, ಪ್ರಮಾಣದಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಬರುವ ಪ್ರಾಸ್ಟೇಟ್ ದ್ರವ. ಬಿಳಿ ಭಾಗ ಮುಗಿದ ತಕ್ಷಣ ನಳಿಕೆ ಬದಲಿಸುವವರು ಕೆಲಸ ಬಲ್ಲವರು. ಎಲ್ಲವನ್ನೂ ಒಂದೇ ನಳಿಕೆಗೆ ಹಿಡಿದರೆ ಸಾಂದ್ರತೆ ಕಡಿಮೆ ಕಾಣುತ್ತದೆ, ಒಳ್ಳೆಯ ನಾಯಿಗೂ ಕೆಟ್ಟ ವರದಿ ಬರುತ್ತದೆ. ಆದ್ದರಿಂದ ವರದಿಯಲ್ಲಿ ಮೊದಲು ನೋಡಬೇಕಾದ್ದು ಒಟ್ಟು ಎಣಿಕೆ: ಸಾಂದ್ರತೆಯನ್ನು ಪ್ರಮಾಣದಿಂದ ಗುಣಿಸಿದ್ದು. ಮಿ.ಲೀ.ಗೆ 40 ಕೋಟಿಯಂತೆ ಒಂದೂವರೆ ಮಿ.ಲೀ. ಸಿಕ್ಕಿದರೆ 60 ಕೋಟಿ. ತೂಕದ ಕೆ.ಜಿ.ಗೆ ಸುಮಾರು 2.2 ಕೋಟಿ ಎಂಬುದು ಚಾಲ್ತಿಯಲ್ಲಿರುವ ಅಂದಾಜು, ಹಾಗಾಗಿ 25 ಕೆ.ಜಿ.ಯ ನಾಯಿಗೆ 55 ಕೋಟಿಯ ಆಸುಪಾಸು ಇದ್ದರೆ ಚಿಂತೆಯಿಲ್ಲ. ಮುಂದಕ್ಕೆ ಚಲಿಸುವವು ಶೇ 70ಕ್ಕಿಂತ ಹೆಚ್ಚಿರಬೇಕು, ಆಕಾರ ಸರಿಯಿರುವವೂ ಅಷ್ಟೇ. ಚಲನೆ ನೋಡುವ ಗಾಜಿನ ಸ್ಲೈಡ್ ಬೆಚ್ಚಗಿರಬೇಕು. ತಣ್ಣನೆಯ ಸ್ಲೈಡಿನ ಮೇಲೆ ಬಿದ್ದ ವೀರ್ಯಾಣು ನಿಧಾನವಾಗುತ್ತದೆ, ಆ ದೂರು ನಾಯಿಯ ತಲೆಗೆ ಬರುತ್ತದೆ. ಬಣ್ಣ ಹಳದಿಯಿದ್ದರೆ ಮೂತ್ರ ಬೆರೆತಿರಬಹುದು, ಮೂತ್ರ ವೀರ್ಯಾಣುವನ್ನು ಕೊಲ್ಲುತ್ತದೆ. ಆ ಮಾದರಿಯನ್ನು ಲೆಕ್ಕಕ್ಕೆ ಹಿಡಿಯಬಾರದು.

ಎಳೆ ನಾಯಿಯ ವರದಿಯಲ್ಲಿ ಇನ್ನೊಂದು ಸಾಲು ಹುಡುಕಿ. ವೀರ್ಯಾಣುವಿನ ಕುತ್ತಿಗೆಗೆ ಅಂಟಿಕೊಂಡ ಸಣ್ಣ ಹನಿಗಳು ಹೆಚ್ಚಿವೆ ಎಂದು ಬರೆದಿದ್ದರೆ ವೀರ್ಯಾಣು ಇನ್ನೂ ಪೂರ್ತಿ ಬಲಿತಿಲ್ಲ ಎಂದರ್ಥ. ವಯಸ್ಸಾದ ಮೇಲೆ ಇದು ತಾನೇ ಸರಿಹೋಗುವುದುಂಟು. ಒಂದು ವೀರ್ಯಾಣು ತಯಾರಾಗಲು ಸುಮಾರು 62 ದಿನ ಬೇಕು, ಹೊರಗೆ ಬರುವ ದಾರಿಯಲ್ಲಿ ಮತ್ತೆ ಎರಡು ವಾರ. ಜ್ವರ ಬಂದು ಹೋದ ನಾಯಿಯನ್ನಾಗಲಿ, ವರದಿ ಕೆಟ್ಟ ನಾಯಿಯನ್ನಾಗಲಿ ಎರಡೂವರೆ ತಿಂಗಳ ಮೊದಲು ಮತ್ತೆ ಪರೀಕ್ಷೆಗೆ ಒಯ್ದರೆ ಹೊಸದೇನೂ ಗೊತ್ತಾಗುವುದಿಲ್ಲ. ಇಷ್ಟನ್ನೂ ಹೇಳದೆ ‘ಬಂಜೆ’ ಎಂದು ಷರಾ ಬರೆಯುವ ಕ್ಲಿನಿಕ್‌ಗಳೂ ಇವೆ.

ಬ್ರೂಸೆಲ್ಲಾ ಕೇನಿಸ್ ವಿಷಯದಲ್ಲಿ ರಿಯಾಯಿತಿಯೇ ಬೇಡ. ಕೂಡುವಾಗ ಹರಡುವ ರೋಗ, ಗರ್ಭಪಾತ ಮಾಡಿಸುತ್ತದೆ, ಮನುಷ್ಯರಿಗೂ ತಗಲುತ್ತದೆ, ನಾಯಿಯಿಂದ ಪೂರ್ತಿ ಹೋಯಿತೆಂದು ನಂಬಿ ಹೇಳುವ ಔಷಧಿಯಿಲ್ಲ. ಸೋಂಕು ತಗಲಿದ ಮೊದಲ ವಾರಗಳಲ್ಲಿ ರಕ್ತಪರೀಕ್ಷೆ ‘ಇಲ್ಲ’ ಎಂದೇ ತೋರಿಸಬಹುದು, ಏಕೆಂದರೆ ಪ್ರತಿಕಾಯ ಕಾಣಿಸಿಕೊಳ್ಳಲು ಎರಡು ತಿಂಗಳಿಗೂ ಹೆಚ್ಚು ಹಿಡಿಯುವುದುಂಟು. ಕ್ಲಿನಿಕ್‌ನಲ್ಲೇ ಮಾಡುವ ತ್ವರಿತ ಪರೀಕ್ಷೆ ‘ಇದೆ’ ಎಂದರೆ ಅದೂ ಕೊನೆಯ ಮಾತಲ್ಲ, ಬೇರೆ ವಿಧಾನದಿಂದ ಖಚಿತಪಡಿಸಿಕೊಳ್ಳಬೇಕು. ಬರುವ ಹೆಣ್ಣಿಗೆ ಪ್ರತಿ ಬೆದೆಯಲ್ಲೂ ಪರೀಕ್ಷೆ ಆಗಿರಬೇಕು. ಗಂಡಿಗೆ ಒಮ್ಮೆ ಮಾಡಿಸಿ ವರ್ಷಗಟ್ಟಲೆ ಅದೇ ಕಾಗದ ತೋರಿಸುವುದು ಮೋಸ.

ಕೀಲುಗಳ ಎಕ್ಸ್‌ರೇಗೆ ವಯಸ್ಸೇ ಮುಖ್ಯ. ಅಮೆರಿಕದ ಒಎಫ್‌ಎ ಸಂಸ್ಥೆ ಸೊಂಟದ ಕೀಲಿಗೆ ಅಂತಿಮ ಪ್ರಮಾಣಪತ್ರ ಕೊಡುವುದು 24 ತಿಂಗಳು ತುಂಬಿದ ಮೇಲೆ, ಅದಕ್ಕೆ ಮೊದಲಿನದೆಲ್ಲ ತಾತ್ಕಾಲಿಕ. ಪೆನ್‌ಹಿಪ್ ವಿಧಾನದಲ್ಲಿ 16 ವಾರದ ಮರಿಗೂ ಕೀಲಿನ ಸಡಿಲತೆ ಅಳೆಯಬಹುದು. ಅಳತೆ 0.30 ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಮುಂದೆ ಕೀಲು ಸವೆಯುವ ಅಪಾಯ ಕಡಿಮೆ. ಎಳೆ ನಾಯಿಯ ಮಾಲೀಕರಿಗೆ ಇದೇ ಹೆಚ್ಚು ಉಪಯೋಗದ್ದು, ಆದರೆ ಆಳವಾದ ಮಂಪರು ಬೇಕು, ತರಬೇತಿ ಪಡೆದ ವೈದ್ಯರೂ ಬೇಕು. ಸಾಮಾನ್ಯ ಎಕ್ಸ್‌ರೇ ಆದರೆ ಪ್ರತಿ ತರಿಸಿಕೊಂಡು ನೀವೇ ನೋಡಿ: ತೊಡೆಮೂಳೆಗಳು ಒಂದಕ್ಕೊಂದು ಸಮಾನಾಂತರ, ಮಂಡಿ ಚಿಪ್ಪುಗಳು ನಟ್ಟನಡುವೆ, ಸೊಂಟದ ಮೂಳೆಯ ಎರಡು ರಂಧ್ರಗಳು ಒಂದೇ ಗಾತ್ರ. ರಂಧ್ರಗಳು ಚಿಕ್ಕದು ದೊಡ್ಡದು ಕಂಡರೆ ನಾಯಿ ವಾಲಿ ಮಲಗಿತ್ತು, ಒಂದು ಬದಿ ಇರುವುದಕ್ಕಿಂತ ಕೆಟ್ಟದಾಗಿ ಕಾಣುತ್ತದೆ. ದುಡಿಯುವ ನಾಯಿಗೆ ಮೊಣಕೈ ಕೀಲನ್ನು ಬಿಡಬೇಡಿ, ಅದನ್ನು ಕೇಳದಿದ್ದರೆ ತೆಗೆಯದವರೇ ಹೆಚ್ಚು.

ಡಿಎನ್‌ಎ ವಿಭಾಗದಲ್ಲಿ ನೂರಾರು ಕಾಯಿಲೆಗಳ ದೊಡ್ಡ ಪಟ್ಟಿ ಮಾರುವುದೇ ವ್ಯಾಪಾರ. ನಿಮ್ಮ ತಳಿಯಲ್ಲಿ ಕಂಡುಬಂದವಷ್ಟೇ ಸಾಕು: ಕೋಲಿಗಳಿಗೆ ಕಣ್ಣಿನ ಸಿಇಎ ಮತ್ತು ಕೆಲವು ಔಷಧಗಳನ್ನು ಮೈ ತಾಳಿಕೊಳ್ಳದ ಎಂಡಿಆರ್1, ಲ್ಯಾಬ್ರಡಾರ್‌ಗೆ ಓಡಿ ದಣಿದಾಗ ಕುಸಿದು ಬೀಳುವ ಇಐಸಿ, ಜರ್ಮನ್ ಶೆಫರ್ಡ್‌ಗೆ ಬೆನ್ನುಹುರಿಯ ಡಿಎಂ, ಹೀಗೆ. ಸಿಇಎ, ಇಐಸಿಯಂಥ ದೋಷಕ್ಕೆ ‘ವಾಹಕ’ (ದೋಷದ ಜೀನಿನ ಒಂದೇ ಪ್ರತಿ ಇದ್ದು, ತನಗೆ ರೋಗವಿಲ್ಲದ ನಾಯಿ) ಎಂದು ಬಂದ ಮಾತ್ರಕ್ಕೆ ನಾಯಿಯನ್ನು ಕೈಬಿಡಬೇಕಿಲ್ಲ. ಆ ದೋಷವಿಲ್ಲವೆಂದು ಪರೀಕ್ಷೆಯಾದ ಹೆಣ್ಣಿಗೆ ಕೂಡಿಸಿದರೆ ಸರಾಸರಿ ಅರ್ಧ ಮರಿಗಳು ವಾಹಕಗಳಾಗುತ್ತವೆ, ರೋಗ ಯಾವುದಕ್ಕೂ ಬರುವುದಿಲ್ಲ. ಡಿಎಂನಲ್ಲಿ ದೋಷದ ಜೀನಿನ ಎರಡು ಪ್ರತಿ ಇದ್ದ ನಾಯಿಗೂ ರೋಗ ಬಂದೇ ಬರುತ್ತದೆ ಎಂದೇನಿಲ್ಲ, ಇದನ್ನು ವರದಿಗಳು ಸಣ್ಣ ಅಕ್ಷರದಲ್ಲಿ ಬರೆಯುತ್ತವೆ. ಕೆನ್ನೆಯ ಒಳಗಿನ ಮಾದರಿ ತೆಗೆಯುವ ಮುನ್ನ ಒಂದು ಗಂಟೆ ಊಟ ಬೇಡ, ಬೇರೆ ನಾಯಿಯ ತಟ್ಟೆ ನೆಕ್ಕಲೂ ಬಿಡಬೇಡಿ. ಮೈಕ್ರೊಚಿಪ್ ಓದಿ ಸಂಖ್ಯೆಯನ್ನು ಅರ್ಜಿಯಲ್ಲಿ ಬರೆಯದಿದ್ದರೆ ಆ ವರದಿ ಯಾವ ನಾಯಿಯದೋ ಏನೋ.

ಇನ್ನು ಪ್ಯಾಕೇಜಿನಲ್ಲಿ ಇಲ್ಲದ್ದು. ದುಡಿಮೆಯ ಗುಣಕ್ಕೆ ಪ್ರಯೋಗಾಲಯವಿಲ್ಲ. ಒಂದೂವರೆ ವರ್ಷದ ನಾಯಿಯಲ್ಲಿ ಕಾಣುವುದು ಬಹುಪಾಲು ತರಬೇತುದಾರನ ಕೈ. ಸೀಟಿಗೆ ಸರಿಯಾಗಿ ತಿರುಗುವ ನಾಯಿ, ಸೀಟಿಯಿಲ್ಲದೆ ಕುರಿಗಳನ್ನು ಅಗಲವಾಗಿ ಸುತ್ತುತ್ತದೆಯೇ? ಕಾಲು ಕುಟ್ಟಿ ಎದುರು ನಿಂತ ಟಗರಿನ ಮುಂದೆ ಕದಲದೆ ನಿಲ್ಲುತ್ತದೆಯೇ, ಪಕ್ಕಕ್ಕೆ ಮುಖ ತಿರುಗಿಸುತ್ತದೆಯೇ, ಹೆದರಿ ಕಚ್ಚುತ್ತದೆಯೇ? ವಾಸನೆ ಹಿಡಿಯುವ ನಾಯಿಯಾದರೆ ಏನೂ ಸಿಗದ ಜಾಗದಲ್ಲಿ ಎಷ್ಟು ಹೊತ್ತು ಹುಡುಕುತ್ತದೆ? ಗದರಿಸಿದ ಮೇಲೆ ಎಷ್ಟು ಬೇಗ ಮತ್ತೆ ಕೆಲಸಕ್ಕೆ ಮರಳುತ್ತದೆ? ಇದನ್ನೆಲ್ಲ ಪರಿಚಯವಿಲ್ಲದ ಹೊಲದಲ್ಲಿ, ಪರಿಚಯವಿಲ್ಲದ ಕುರಿಗಳ ಮೇಲೆ, ದಣಿದ ಹೊತ್ತಿನಲ್ಲಿ ನೋಡಬೇಕು. ಎರಡೂವರೆ ಮೂರು ವರ್ಷದ ಮೊದಲು ತೀರ್ಮಾನ ಗಟ್ಟಿಯಾಗುವುದು ಕಷ್ಟ. ಅದೇ ಸೂಲಿನ ಒಡಹುಟ್ಟುಗಳನ್ನೂ ನೋಡಿ. ಎಂಟರಲ್ಲಿ ಇದೊಂದೇ ಚುರುಕಾಗಿದ್ದರೆ ಮರಿಗಳು ಇದರಂತೆ ಬರುತ್ತವೆಂಬ ಭರವಸೆ ತೀರ ಕಡಿಮೆ, ಉಳಿದ ಏಳರಂತೆ ಬರುವ ಸಾಧ್ಯತೆಯೇ ಹೆಚ್ಚು. ಗೆದ್ದ ಎಳೆ ನಾಯಿಯ ಹಿಂದೆ ಎಲ್ಲರೂ ಓಡಿದರೆ ಅದರ ಬಚ್ಚಿಟ್ಟ ದೋಷ ಎರಡು ತಲೆಮಾರಿನಲ್ಲಿ ಇಡೀ ತಳಿಗೆ ಹರಡುತ್ತದೆ. ಮುಂದೆ ಅಪ್ಪ ಒಂದೇ ಆದ ಅರೆ ಒಡಹುಟ್ಟುಗಳು ಗೊತ್ತಿಲ್ಲದೆ ಕೂಡಿದಾಗ ಮರಿಗಳ ಒಳತಳಿ ಪ್ರಮಾಣ (ಒಂದು ಜೀನಿನ ಎರಡೂ ಪ್ರತಿ ಒಬ್ಬನೇ ಪೂರ್ವಜನಿಂದ ಬಂದಿರುವ ಸಾಧ್ಯತೆ) ಶೇ 12.5.

ಹಾಗಾಗಿ ಇಡೀ ಪ್ಯಾಕೇಜಿನಲ್ಲಿ ಎಳೆ ನಾಯಿಗೆ ನಿಜವಾಗಿ ದುಡ್ಡು ಹಾಕಬೇಕಾದ್ದು ವೀರ್ಯ ಶೇಖರಣೆಗೆ. ಎರಡು ವರ್ಷದ ಹೊತ್ತಿಗೆ ಒಳ್ಳೆಯ ವೀರ್ಯವನ್ನು ದ್ರವ ಸಾರಜನಕದಲ್ಲಿ, -196 ಡಿಗ್ರಿಯಲ್ಲಿ ಇಟ್ಟುಬಿಟ್ಟರೆ ತೀರ್ಮಾನಕ್ಕೆ ಅವಸರವಿಲ್ಲ. ನಾಯಿಗೆ ಕೆಲಸದಲ್ಲಿ ಪೆಟ್ಟಾದರೂ ವಂಶ ಉಳಿಯುತ್ತದೆ, ನಾಯಿ ಕಳಪೆಯೆಂದು ಗೊತ್ತಾದರೆ ಸ್ಟ್ರಾಗಳನ್ನು (ವೀರ್ಯ ತುಂಬಿಟ್ಟ ಸಣ್ಣ ಕೊಳವೆಗಳನ್ನು) ಎಸೆದರಾಯಿತು. ಲೆಕ್ಕ ಮಾತ್ರ ಮೊದಲೇ ಹಾಕಿಕೊಳ್ಳಿ: 60 ಕೋಟಿಯಲ್ಲಿ ಚಲಿಸುವವು 48 ಕೋಟಿ, ಕರಗಿಸಿದ ಮೇಲೆ ಅರ್ಧ ಉಳಿದರೆ 24 ಕೋಟಿ. ಒಂದು ಸಲದ ಗರ್ಭಧಾರಣೆಗೆ ಕನಿಷ್ಠ 10 ಕೋಟಿ ಬೇಕು, ಅಂದರೆ ಒಂದು ಶೇಖರಣೆಯಿಂದ ಎರಡೇ ಸಲ. ‘ಹತ್ತು ಸೂಲಿಗಾಗುವಷ್ಟು’ ಎಂದು ಹೇಳುವವರನ್ನು ಈ ಲೆಕ್ಕ ಕೇಳಿ. ಒಂದು ಸ್ಟ್ರಾ ಬಲಿಕೊಟ್ಟು, ಕರಗಿಸಿ ನೋಡಿದ ಚಲನೆಯ ಅಂಕಿ ಬರೆದುಕೊಡದವರಲ್ಲಿ ಶೇಖರಿಸಬೇಡಿ.

ಬಳಸುವ ಕಡೆಗೂ ಖರ್ಚಿದೆ. ಕರಗಿದ ವೀರ್ಯಾಣು ಬದುಕುವುದು ಹೆಚ್ಚೆಂದರೆ ಒಂದು ದಿನ. ಆದ್ದರಿಂದ ಹೆಣ್ಣಿನ ರಕ್ತದಲ್ಲಿನ ಪ್ರೊಜೆಸ್ಟರಾನ್ ಹಾರ್ಮೋನನ್ನು ಬೆದೆಯ ಉದ್ದಕ್ಕೂ ಅಳೆಯುತ್ತ, ಅಂಡೋತ್ಸರ್ಗದ ದಿನ, ಅಂದರೆ ಮಿ.ಲೀ.ಗೆ 5 ನ್ಯಾನೊಗ್ರಾಂ ಸುಮಾರು, ಗುರುತಿಸಿಕೊಂಡು ಎರಡು-ಮೂರು ದಿನ ಬಿಟ್ಟು ಹಾಕಬೇಕು, ಅದೂ ಎಂಡೊಸ್ಕೋಪ್ ಇಟ್ಟು ನೇರ ಗರ್ಭಕೋಶದೊಳಕ್ಕೆ. ಬರೀ ಯೋನಿಯೊಳಗೆ ಹಾಕಿದರೆ ಫಲಿತಾಂಶ ತೀರ ಕಳಪೆ.

ಶೇಖರಣೆಯ ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಕೆಲವು ಸಾಲುಗಳನ್ನು ಸೇರಿಸಲು ಹೇಳಿ. ಸ್ಟ್ರಾಗಳನ್ನು ಎರಡು ಬೇರೆ ಟ್ಯಾಂಕ್‌ಗಳಲ್ಲಿ ಹಂಚಿಡಬೇಕು. ಸಾರಜನಕದ ಮಟ್ಟವನ್ನು ಎಷ್ಟು ದಿನಕ್ಕೊಮ್ಮೆ ಅಳೆಯುತ್ತಾರೆ, ದಾಖಲೆ ಕೇಳಿದರೆ ತೋರಿಸುತ್ತಾರೆಯೇ ಎಂಬುದಿರಬೇಕು. ಪ್ರತಿ ಸ್ಟ್ರಾ ಮೇಲೆ ಚಿಪ್ ಸಂಖ್ಯೆ ಮತ್ತು ಶೇಖರಿಸಿದ ದಿನಾಂಕ ಇರಬೇಕು. ಮಾಲೀಕರು ತೀರಿಕೊಂಡರೆ, ಅಥವಾ ನಾಯಿ ಬೇರೆಯವರ ಕೈಗೆ ಹೋದರೆ ಸ್ಟ್ರಾಗಳು ಯಾರವು ಎಂದು ಬರೆದಿರಬೇಕು.